ಸಿಸ್ಟರ್ ಗಾಡಿಯ ಗೇರ್ ಕೋಲು

“ಲೋ ಸೀಟಪ್ಪ, ಬೇಗ ಬಾರೋ! ಕೋಲು ಇಲ್ಲ!”

ಬೆಳಗ್ಗೆ ಏಳು ಗಂಟೆ. ನಾನಿನ್ನೂ ಸೈಕಲ್ಲಿನಿಂದ ಒಂದು ಕಾಲು ಇಳಿಸಿದ್ದೆನಷ್ಟೆ. ಷೆಡ್ಡಿನ ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

ಯಾವ ಕೋಲು ಎಂದು ನಾನು ಕೇಳಲಿಲ್ಲ. ಹದಿನೈದು ದಿನಗಳಿಂದ ನಮ್ಮ ಷೆಡ್ಡಿನಲ್ಲಿ ಮಾತು ಎಂದರೆ ಅದೊಂದರದ್ದೇ.

ನಾನು ಬೈಕುಗಳಿಗೆ ಸೀಟು ಹೊಲಿಯುವವನು. ಮೇಸ್ತ್ರಿಯ ಷೆಡ್ಡಿನ ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ. ಮೇಸ್ತ್ರಿ ಬೈಕುಗಳ ರೂಪ ಬದಲಿಸುವವನು. ಅವನ ಕೈಯಲ್ಲಿ ಈಗ ಇದ್ದದ್ದು ಸಿಸ್ಟರ್ ಗಾಡಿ. ಮನೆಮನೆಗೆ ಹೋಗಿ ಗಾಯಕ್ಕೆ ಔಷಧ ಹಾಕಿ ಪಟ್ಟಿ ಕಟ್ಟುವ ನರ್ಸಮ್ಮನನ್ನು ಊರೆಲ್ಲ ಕರೆಯುವುದು ಸಿಸ್ಟರ್ ಎಂದೇ. ಎರಡು ವರ್ಷದ ಹಿಂದೆ ಒಂದು ಲಾರಿ ಆಕೆಯ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದುಕೊಂಡು ಹೋಯಿತು. ಆಸ್ಪತ್ರೆಯವರು ಆಕೆಯನ್ನು ಚೀಟಿ ಬರೆಯುವ ಕುರ್ಚಿಯಲ್ಲಿ ಕೂರಿಸಲು ನೋಡಿದರು. ಆಕೆ ಕೂರಲಿಲ್ಲ. ತನ್ನ ಹಳೆಯ ಬೈಕನ್ನು ತಳ್ಳಿಸಿಕೊಂಡು ಬಂದು, “ಹಿಂದೆ ಇನ್ನೊಂದು ಚಕ್ರ ಹಾಕಿ ಕೊಡಿ ಮೇಸ್ತ್ರಿ, ಉಳಿದದ್ದು ನಾನು ನೋಡ್ಕೋತೀನಿ” ಎಂದಳು.

ಹಾಕಿದೆವು. ಹಿಂದೆ ಎರಡು ಚಕ್ರ, ನಡುವೆ ಔಷಧದ ಪೆಟ್ಟಿಗೆ, ಬಲಕ್ಕೆ ಊರುಗೋಲು ಸಿಕ್ಕಿಸಲು ಕೊಳವೆ, ಬೆನ್ನಿಗೆ ನಾನು ಹೊಲಿದ ಒರಗು. ಎಲ್ಲಕ್ಕಿಂತ ಮುಖ್ಯ, ಕಾಲಲ್ಲಿ ಹಾಕುವ ಗೇರನ್ನು ಕೈಯಲ್ಲಿ ಹಾಕಲು ಟ್ಯಾಂಕಿನ ಎಡಕ್ಕೆ ಒಂದು ಕೋಲು. ಕ್ಲಚ್ಚಿನ ಹಿಡಿಯೂ ಅದರ ತಲೆಯ ಮೇಲೇ. ಹಿಸುಕು, ತಳ್ಳು, ಬಿಡು. ಥಳಥಳ ಹೊಳೆಯುವ ಕ್ರೋಮ್ ಪೈಪಿನಲ್ಲಿ ಮಾಡಿದ್ದ ಮೇಸ್ತ್ರಿ. ಹೊಳೆಯುವುದೇ ಇರಲಿ ಎಂದು ಹಟ ಹಿಡಿದವನು ನಾನು.

ಅಂದು ಹನ್ನೊಂದಕ್ಕೆ ಸಾರಿಗೆ ಕಚೇರಿಯ ಮೈದಾನದಲ್ಲಿ ತಪಾಸಣೆ. ಗಾಡಿ ಪಾಸಾದರೆ ಸಿಸ್ಟರಿಗೆ ನಾಳೆಯಿಂದ ಹಳೆಯ ಕೆಲಸ. ಇಲ್ಲವಾದರೆ ಅದು ಬೇರೊಬ್ಬರಿಗೆ. ಆಸ್ಪತ್ರೆಯವರು ಕಾಗದದಲ್ಲೇ ಬರೆದು ಕೊಟ್ಟಿದ್ದರು.

ಗಾಡಿಯ ಬಳಿ ಹೋಗಿ ನೋಡಿದೆ. ಕೋಲಿದ್ದ ಜಾಗ ಬೋಳು. ಇಂಜಿನ್ ಪಕ್ಕದ ಕಬ್ಬಿಣದ ಪಟ್ಟಿಯಲ್ಲಿ ನಾಲ್ಕು ಬೋಲ್ಟುಗಳು ಸಡಿಲವಾಗಿ ಕೂತಿದ್ದವು. ಕ್ಲಚ್ ವೈರು ಜೋತಾಡುತ್ತಿತ್ತು. ಹಿಂಬಾಗಿಲ ಚಿಲಕ ತೆಗೆದಿತ್ತು.

“ಆರು ಗಂಟೆಗೆ ಬಂದೆ. ಹೀಗೇ ಇತ್ತು,” ಎಂದ ಮೇಸ್ತ್ರಿ. “ಯಾವನೋ ಎಗರಿಸಿಬಿಟ್ಟ.”

ಏಳೂವರೆಗೆ ಕಾರು ಬಂದು ನಿಂತಿತು. ಓಡಿಸಿದವನು ಸಿಸ್ಟರಿನ ಭಾವ, ಅಂದರೆ ಗಂಡನ ಅಣ್ಣ. ಹಿಂದಿನ ಸೀಟಿನಿಂದ ಊರುಗೋಲು ಊರಿ ಇಳಿದವಳು ಸಿಸ್ಟರ್. ಅವಳ ಹಿಂದೆ, ಕನ್ನಡಕ ಒರೆಸಿಕೊಳ್ಳುತ್ತ, ಅತ್ತೆ.

ಈ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂತು ಬಿಡಿಭಾಗಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು “ಇದು ಆಗುತ್ತೆ”, “ಇದು ಆಗಲ್ಲ” ಎಂದವರು. ನಿವೃತ್ತಿಯಾದ ಮೇಲೂ ಆ ಚಟ ಬಿಟ್ಟಿಲ್ಲ. ಮನುಷ್ಯರನ್ನೂ ಹಾಗೇ ನೋಡುತ್ತಾರೆ.

ಸಿಸ್ಟರ್ ಗಾಡಿಯ ಮುಂದೆ ನಿಂತಳು. ಅಳಲಿಲ್ಲ.

“ಯಾರು?” ಎಂದಳು ಅಷ್ಟೆ.

“ಯಾರಾದ್ರೇನು, ಒಳ್ಳೇದೇ ಆಯ್ತು,” ಎಂದ ಭಾವ. “ನಾನು ಮೊದಲಿಂದ ಹೇಳ್ತಾನೇ ಇದ್ದೆ. ಎಲ್ಲಿಗೆ ಬೇಕೋ ಅಲ್ಲಿಗೆ ಕಾರಲ್ಲಿ ಬಿಡ್ತೀನಮ್ಮ, ಸುಮ್ನಿರು ಅಂತ.”

“ಬಿಡ್ತೀರಿ ಭಾವ. ನಿಮಗೆ ಪುರುಸೊತ್ತಾದಾಗ. ಪಟ್ಟಿ ಬದಲಾಯಿಸೋ ಗಾಯ ನಿಮ್ಮ ಪುರುಸೊತ್ತು ಕಾಯುತ್ತಾ?”

“ನೋಡಮ್ಮ, ನಾನು—”

“ನಿನ್ನೆ ಸಂಜೆ ಇಲ್ಲೇ ನಿಂತು ಏನಂದಿರಿ? ‘ಈ ಗಾಡಿ ಅದು ಹೇಗೆ ರಸ್ತೆಗಿಳಿಯುತ್ತೋ ನಾನೂ ನೋಡ್ತೀನಿ’ ಅಂದಿರಲ್ವಾ?”

ಭಾವನ ಕಿವಿ ಕೆಂಪಾಯಿತು.

“ಪೊಲೀಸರನ್ನ ಕರೆಯೋಣ,” ಎಂದೆ ನಾನು.

“ಅವರು ಬಂದು, ಕೂತು, ಟೀ ಕುಡಿಯೋದ್ರೊಳಗೆ ಹನ್ನೊಂದಾಗಿರುತ್ತೆ,” ಎಂದರು ಅತ್ತೆ. “ಸ್ಟೂಲು ಹಾಕು ಸೀಟಪ್ಪ.”

ಗಾಡಿಯ ಪಕ್ಕ ಕೂತರು. ಕರ್ಚೀಫು ಹಾಸಿದರು. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ತೂತುಗಳು ಇದ್ದ ಕ್ರಮದಲ್ಲೇ ಸಾಲಾಗಿ ಇಟ್ಟರು. ನೋಡಿದರು. ತುಂಬ ಹೊತ್ತು ನೋಡಿದರು.

“ಬೆಳಗ್ಗೆಯಿಂದ ಇವನ್ನ ಯಾರಾದ್ರೂ ಮುಟ್ಟಿದ್ರಾ?”

“ಇಲ್ಲಮ್ಮ,” ಎಂದ ಮೇಸ್ತ್ರಿ. “ನೀವು ಬರೋವರೆಗೂ ಹಾಗೇ ಇರಲಿ ಅಂತ ಬಿಟ್ಟೆ.”

ಅಷ್ಟರಲ್ಲಿ ಎದುರಿನ ಬಿಡಿಭಾಗದ ಅಂಗಡಿಯವನು ರಸ್ತೆ ದಾಟಿ ಬಂದ. ಕೈಯಲ್ಲಿ ಕಾಫಿ ಲೋಟ, ಮುಖದಲ್ಲಿ ಮುಚ್ಚಿಡಲಾಗದ ನಗು.

“ಹೋಯ್ತಂತೆ? ನಾನು ಹೊರಗಿಂದ ತರಿಸಿದ ಗೇರ್ ಕೋಲಿನ ಸೆಟ್ಟು ಹಾಕಿ ಅಂದೆ. ಮೇಸ್ತ್ರಿಗೆ ತನ್ನ ಕೈಯೇ ಮೇಲು.”

“ಬಾರಪ್ಪ,” ಎಂದರು ಅತ್ತೆ. “ಈ ಗಾಡೀನ ಹತ್ತಿರದಿಂದ ನೋಡಿದ್ಯಾ?”

“ಎಲ್ಲಿ ನೋಡೋದು? ಮದುಮಗಳ ಹಾಗೆ ಮುಸುಕು ಹಾಕಿ ಇಟ್ಟಿದ್ರು!”

“ಆ ಕೋಲು ಇಲ್ದೇ ಹೋದ್ರೆ ನಿನ್ನ ಸೆಟ್ಟು ಮಾರಾಟ ಆಗುತ್ತೆ, ಅಲ್ವಾ?”

“ಅಯ್ಯೋ! ಅಮ್ಮಾ, ಗೇಲಿ ಮಾಡ್ತೀನಿ ನಿಜ. ಕದಿಯೋ ಜಾತಿ ಅಲ್ಲ ನಾನು.”

“ಸರಿ. ಒಂದು ಉಪಕಾರ ಮಾಡು.” ನಾಲ್ಕು ಬೋಲ್ಟುಗಳನ್ನೂ ಬೊಗಸೆಯಲ್ಲಿ ಕುಲುಕಿ ಅವನ ಕೈಗೆ ಸುರಿದರು. “ಇವನ್ನ ವಾಪಸ್ ಕೂರಿಸು.”

ಅವನು ನಗುತ್ತ ಕೂತ. ಮೊದಲನೆಯದು ಕೂತಿತು. ಎರಡನೆಯದು ಒಳಗೆ ಯಾವುದಕ್ಕೋ ತಾಗಿ ಅರ್ಧಕ್ಕೆ ನಿಂತಿತು. ಮೂರನೆಯದು ಸರಿಹೋಯಿತು. ನಾಲ್ಕನೆಯದು ಹಿಡಿದುಕೊಳ್ಳಲೇ ಇಲ್ಲ. ಕೈ ಬಿಟ್ಟರೆ ಟಣ್ಣೆಂದು ನೆಲಕ್ಕೆ.

“ಏನ್ರೀ ಇದು, ಸುಲಭ ಅಂದ್ಕೊಂಡೆ!”

“ನೀನು ಮಾಡೋ,” ಎಂದರು ಅತ್ತೆ, ತಮ್ಮ ಮಗ ಭಾವನಿಗೆ.

“ಅಮ್ಮ, ನನ್ನನ್ನೇ ಪರೀಕ್ಷೆ ಮಾಡ್ತಿದ್ದೀಯಾ?”

“ಹೆತ್ತಿದ್ದೀನಿ ಅಂತ ಬಿಟ್ಟುಬಿಡ್ಲಾ? ಕೂತ್ಕೋ.”

ಭಾವನಿಗೆ ಯಾವ ಕಡೆ ತಿರುಗಿಸಬೇಕು ಎಂಬುದೇ ತಿಳಿಯಲಿಲ್ಲ. ಆಮೇಲೆ ನನ್ನ ಸರದಿ. ಹದಿನೈದು ದಿನ ಆ ಗಾಡಿಯ ಪಕ್ಕದಲ್ಲೇ ಸೀಟು ಹೊಲಿದವನು ನಾನು. ನಾನೂ ತಪ್ಪಿದೆ!

ಅತ್ತೆ ಬೋಲ್ಟುಗಳನ್ನು ಮೇಸ್ತ್ರಿಯ ಕಡೆ ಚಾಚಿದರು. ಅವನು ಕೈ ನೀಡಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಹೋದವು.

“ಯಾಕಪ್ಪ? ಮಾಡಿದವನು ನೀನೇ ತಾನೆ?”

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ.

“ಎಲ್ಲರೂ ಏನು ಹೋಗಿದೆ ಅಂತ ನೋಡಿದ್ರಿ,” ಎಂದರು ಅತ್ತೆ. “ಏನು ಉಳಿದಿದೆ ಅಂತ ಯಾರೂ ನೋಡಲಿಲ್ಲ. ಕೋಲು ಕದ್ದವನು ಬೋಲ್ಟು ಬಿಚ್ತಾನೆ, ಎಲ್ಲೋ ಬಿಸಾಕ್ತಾನೆ, ಓಡ್ತಾನೆ. ಇಲ್ಲಿ ನಾಲ್ಕೂ ತೂತಿಗೆ ವಾಪಸ್ ಬಂದಿವೆ. ಬಿಚ್ಚಿದ ಬೋಲ್ಟನ್ನ ಅದರ ತೂತಲ್ಲೇ ಎರಡು ಸುತ್ತು ತಿರುಗಿಸಿ ಇಡೋದು ಯಾರು? ಮತ್ತೆ ಜೋಡಿಸಬೇಕು ಅಂತಿರೋ ಕೆಲಸಗಾರ. ಅದು ಕೈಗೆ ಅಂಟಿದ ಅಭ್ಯಾಸ. ಸುಳ್ಳು ಹೇಳುವಾಗ್ಲೂ ಕೈ ಅದನ್ನ ಬಿಡಲ್ಲ.”

“ಅಂಗಡಿಯವನೂ ಕೆಲಸಗಾರನೇ ಅಲ್ವಾ?” ಎಂದ ಭಾವ.

“ಹೌದು. ಅದಕ್ಕೇ ಕೂರಿಸೋಕೆ ಕೊಟ್ಟೆ. ಇದರಲ್ಲಿ ಮೂರು ಗಿಡ್ಡ, ಒಂದು ಉದ್ದ. ಕೆಳಗಿನ ಹಿಂದಿನ ತೂತಲ್ಲಿ ಮಾತ್ರ ಪಟ್ಟಿ ಎರಡು ಪದರ ಇದೆ, ಹೊರಗಿಂದ ಕಾಣಲ್ಲ. ಗಿಡ್ಡದು ಅಲ್ಲಿ ಹಿಡಿಯಲ್ಲ, ಉದ್ದದ್ದು ಬೇರೆ ಕಡೆ ಕೂರಲ್ಲ. ನಾನು ಬಿಚ್ಚಿದಾಗ ನಾಲ್ಕೂ ಅದರದರ ಜಾಗದಲ್ಲಿದ್ವು. ವಾಷರ್ ಸಮೇತ. ಈ ಪಟ್ಟಿಯ ಗುಟ್ಟು ಗೊತ್ತಿರೋನು ಒಬ್ಬನೇ.” ಕನ್ನಡಕ ತೆಗೆದರು. “ಕೋಲು ತೆಗೆದವನು ನೀನು, ಮೇಸ್ತ್ರಿ.”

ಅಂಗಡಿಯವನ ಕಾಫಿ ಲೋಟ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು.

ಮೇಸ್ತ್ರಿ ನನ್ನ ಮೂಲೆಗೆ ನಡೆದ. ನನ್ನ ಸ್ಪಂಜಿನ ಚೀಲಕ್ಕೆ—ಹೌದು, ನನ್ನದೇ ಚೀಲಕ್ಕೆ!—ಕೈ ಹಾಕಿ ಕೋಲನ್ನು ಹೊರಗೆಳೆದ. ಬುಡದ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು.

“ಬೆಳಗ್ಗೆ ಬಂದು ಒಂದು ಸಲ ಗೇರು ಹಾಕಿ ನೋಡಿದೆ. ಚಿಟ್ ಅಂತು.” ಅವನ ದನಿ ಕುಸಿದಿತ್ತು. “ಕ್ರೋಮ್ ಮೇಲೆ ಬೆಸುಗೆ ನಿಲ್ಲಲ್ಲ, ಉಜ್ಜಿ ತೆಗೆದು ಬೆಸೀಬೇಕು. ನಂಗೊತ್ತು. ಹೊಳಪು ಹೋಗುತ್ತೆ ಅಂತ ಉಜ್ಜದೆ ಹಾಗೇ ಬೆಸೆದುಬಿಟ್ಟೆ. ಕಳುವಾಯ್ತು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ಮೇಸ್ತ್ರಿ ಬೆಸುಗೆ ಬಿಡ್ತು ಅಂದ್ರೆ? ಇಪ್ಪತ್ತೈದು ವರ್ಷದ ಹೆಸರು, ಸಿಸ್ಟರ್…”

ಸಿಸ್ಟರ್ ಊರುಗೋಲು ಊರಿಕೊಂಡು ಅವನ ಎದುರಿಗೇ ಬಂದು ನಿಂತಳು.

“ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ನನ್ನ ಕೆಲಸ ಬಲಿ ಕೊಡ್ತಿದ್ರಿ.”

“ತಪ್ಪಾಯ್ತು. ಕ್ಷಮಿಸಿ—”

“ಅದು ಆಮೇಲೆ ನೋಡೋಣ. ಈಗ ಗಂಟೆ ಎಂಟೂವರೆ. ಬರೀ ಕಬ್ಬಿಣದ ಪೈಪು ತಗೊಳ್ಳಿ. ಹೊಳೆಯೋದು ಬೇಡ. ನನ್ನ ಕಣ್ಣೆದುರಿಗೇ ಬೆಸೀಬೇಕು.”

“ಕೈ ನಡುಗ್ತಿದೆ ಸಿಸ್ಟರ್.”

“ಮೊದಲ ದಿನ ಊರುಗೋಲು ಹಿಡಿದಾಗ ನನಗೆ ಇಡೀ ಮೈ ನಡುಗಿತ್ತು. ಯಾರಾದ್ರೂ ಇವತ್ತು ಬೇಡ ಹೋಗು ಅಂದ್ರಾ? ನಡೀರಿ.”

ಅಂಗಡಿಯವನು ಹೋಗಿ ಒಂದು ದಪ್ಪ ಪೈಪು ತಂದು ಇಟ್ಟ. ಭಾವ ಕೋಟು ಬಿಚ್ಚಿಟ್ಟು ಪೈಪಿನ ಒಂದು ತುದಿ ಹಿಡಿದ. “ಈಗಲೂ ನಾನು ಒಪ್ಪಿಲ್ಲ,” ಎಂದು ಗೊಣಗಿದ. “ನಿನ್ನ ಒಪ್ಪಿಗೆ ಯಾರು ಕೇಳಿದ್ರು? ಗಟ್ಟಿ ಹಿಡ್ಕೋ,” ಎಂದರು ಅತ್ತೆ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಮೈದಾನದಲ್ಲಿದ್ದೆವು. ಇನ್‌ಸ್ಪೆಕ್ಟರ್ ಗಾಡಿಯ ಸುತ್ತ ಬಂದ. ಬಣ್ಣವಿಲ್ಲದ, ಸುಟ್ಟ ಕಲೆಯ ಕೋಲನ್ನು ಹಿಡಿದು ಎರಡು ಸಲ ಜಗ್ಗಿದ.

“ಇಷ್ಟು ಕುರೂಪಿ ಕೋಲು ನಾನು ನೋಡಿಲ್ಲ. ಯಾರು ಬೆಸೆದಿದ್ದು?”

ಮೇಸ್ತ್ರಿ ನನ್ನ ಪಕ್ಕದಲ್ಲಿದ್ದ. ಒಂದು ಹೆಜ್ಜೆ ಮುಂದೆ ಬಂದ.

“ನಾನೇ ಸಾರ್. ಮೊದಲು ಮಾಡಿದ್ದು ಚೆಂದ ಇತ್ತು. ಬಿರುಕು ಬಿಡ್ತು. ಇದು ಬಿಡಲ್ಲ.”

ಇನ್‌ಸ್ಪೆಕ್ಟರ್ ಅವನ ಮುಖ ನೋಡಿದ. ಆಮೇಲೆ ಸಿಸ್ಟರಿನ ಕಡೆ ತಿರುಗಿ, “ಒಂದು ಸುತ್ತು ಹಾಕ್ಕೊಂಡು ಬಾಮ್ಮ. ನಾಲ್ಕೂ ಗೇರು ಹಾಕಬೇಕು,” ಎಂದ.

ಹಿಸುಕಿದಳು, ತಳ್ಳಿದಳು, ಬಿಟ್ಟಳು. ಮೊದಲ ತಿರುವಿನಲ್ಲಿ ಎರಡನೇ ಗೇರು. ಆಚೆ ಬದಿಯಲ್ಲಿ ಮೂರು. ನಾಲ್ಕನೆಯದು ಬಿದ್ದಾಗ ಅತ್ತೆ ಮೆಲ್ಲಗೆ “ಇದು ಆಗುತ್ತೆ” ಎಂದದ್ದು ನನ್ನೊಬ್ಬನಿಗೇ ಕೇಳಿಸಿತು.

ಸುತ್ತು ಮುಗಿಯಿತು. ಇನ್‌ಸ್ಪೆಕ್ಟರ್ ಕೈಯೆತ್ತಿದ. “ಸಾಕಮ್ಮ, ಪಾಸು, ನಿಲ್ಲಿಸು!”

ಅವಳು ನಿಲ್ಲಿಸಲಿಲ್ಲ. ನಮ್ಮ ಮುಂದೆಯೇ, ಭಾವನ ಕಾರಿನ ಮುಂದೆಯೇ, ಧೂಳೆಬ್ಬಿಸಿಕೊಂಡು ಇನ್ನೊಂದು ಸುತ್ತಿಗೆ ಹೊರಟಳು.