ಮೆಟ್ಟಿಲ ದೀಪದ ಇನ್ನೊಂದು ಸ್ವಿಚ್ಚು

ದಾನೇಶ್ವರಿಯ ಕೈ ಒದ್ದೆಯಾಗಿತ್ತು. ಮಿಕ್ಸರಿನ ವೈರು ಬುಡದಲ್ಲಿ ಸವೆದು ತಾಮ್ರ ಇಣುಕುತ್ತಿದ್ದುದನ್ನು ಅವಳು ನೋಡಿರಲಿಲ್ಲ. ಶೇಂಗಾ ಚಟ್ನಿಗೆ ಇನ್ನೊಂದು ಸುತ್ತು ತಿರುವೋಣವೆಂದು ಕೈ ಚಾಚಿದಾಗ ಬೆರಳು ಅದಕ್ಕೇ ತಗುಲಿತು. ಬಾಗಿಲ ಮೇಲಿನ ಬಿಳಿ ಪೆಟ್ಟಿಗೆ 'ಟಿಕ್' ಎಂದಿತು. ಮಿಕ್ಸರು ಮಾತ್ರ ಸುಮ್ಮನಾಯಿತು. ಫ್ಯಾನು ತಿರುಗುತ್ತಲೇ ಇತ್ತು, ಒಳಕೋಣೆಯಲ್ಲಿ ಗಂಡ ಕಳಕೇಶನ ಉಸಿರಿನ ಯಂತ್ರವೂ ಗುರುಗುಡುತ್ತಲೇ ಇತ್ತು.

"ಉಳದೆ ನೋಡ್ರಿ! ನಮ್ಮ ಮಧು ಉಳಿಸಿದ್ಲು," ಎಂದು ಅವಳು ಒಳಗೆ ಕೂಗಿದಳು.

ಆ ಪೆಟ್ಟಿಗೆಯ ಹೆಸರು ಕೈಗಾವಲು. ಹಳೆಯ ಬ್ರೇಕರು ಕಾಯುತ್ತಿದ್ದುದು ಮನುಷ್ಯನನ್ನಲ್ಲ, ವೈರನ್ನು. ಕರೆಂಟು ಮಿತಿ ಮೀರಿ ಹರಿದು ವೈರು ಬಿಸಿಯಾದರೆ ಅದು ಬಿದ್ದು ಕರೆಂಟು ಕಡಿಯುತ್ತಿತ್ತು. ಮನುಷ್ಯ ಸಾಯುವುದಕ್ಕೆ ಅಷ್ಟೆಲ್ಲ ಕರೆಂಟು ಬೇಕಾಗಿಲ್ಲ. ಇನ್ನೊಂದು ಜಾತಿಯ ಬ್ರೇಕರು ಮನೆಯೊಳಗೆ ಹೋದ ಕರೆಂಟನ್ನೂ ಮರಳಿ ಬಂದದ್ದನ್ನೂ ತೂಗಿ ನೋಡುತ್ತಿತ್ತು. ಮರಳಿದ್ದು ಕಡಿಮೆಯಾದರೆ, ಉಳಿದದ್ದು ಯಾರದೋ ಮೈಯಿಂದ ನೆಲಕ್ಕೆ ಇಳಿಯುತ್ತಿದೆ ಎಂದರ್ಥ. ಅದು ಜೀವ ಉಳಿಸುತ್ತಿತ್ತು, ಆದರೆ ಇಡೀ ಮನೆಯನ್ನು ಕತ್ತಲೆಗೆ ನೂಕುತ್ತಿತ್ತು. ಕೈಗಾವಲು ಇವೆರಡಕ್ಕಿಂತ ಜಾಣ. ಯಾವ ಉಪಕರಣ ಕರೆಂಟನ್ನು ಹೇಗೆ ಎಳೆಯುತ್ತದೆ ಎಂದು ಕಲಿತಿತ್ತು. ಬೆರಳುಗಳನ್ನೂ ಕಲಿತಿತ್ತು. ಸ್ವಿಚ್ಚು ಒತ್ತಿದಾಗ ಒಳಗಿನ ಎರಡು ಲೋಹದ ತುಂಡುಗಳು ಕೂಡುವ ಮೊದಲು ಒಂದಿಷ್ಟು ನಡುಗುತ್ತವೆ, ಆ ನಡುಕ ಒಬ್ಬೊಬ್ಬರ ಬೆರಳಿಗೆ ಒಂದೊಂದು ಬಗೆ. ಮಗುವಿನ ಬೆರಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಒತ್ತಿದರೆ ಕೈಗಾವಲು ಕರೆಂಟು ಬಿಡುತ್ತಿರಲಿಲ್ಲ. ಕರೆಂಟು ಹೋದಾಗಲೂ ತನ್ನ ಪುಟ್ಟ ಬ್ಯಾಟರಿಯ ಬಲದಿಂದ ಅದು ಮನೆಯ ಎಲ್ಲ ಸ್ವಿಚ್ಚುಗಳ ಕಡೆಗೆ ಕಿವಿಗೊಟ್ಟೇ ಇರುತ್ತಿತ್ತು.

ಅದನ್ನು ಕಂಡುಹಿಡಿದ ದಾನೇಶ್ವರಿಯ ಗೆಳತಿ ಡಾ. ಮಧುಮತಿ ಹೊಂಬಳ ಕಾಲೇಜು ಮುಗಿಸಿದ್ದೇ ಬೆಟಗೇರಿಯ ಈ ಮನೆಯಲ್ಲಿದ್ದುಕೊಂಡು. ದಾನೇಶ್ವರಿಯ ತಾಯಿ ಇಬ್ಬರಿಗೂ ಒಂದೇ ಬುಟ್ಟಿಯ ರೊಟ್ಟಿ ಹಾಕಿ ಓದಿಸಿದ್ದಳು. ಮಧು ಮೆಟ್ಟಿಲ ಮೇಲೆ ಕೂತು ಓದುತ್ತಿದ್ದಳು. ಆ ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು. ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರು ಆರಿಸಬಹುದು. ದಾನೇಶ್ವರಿ ಮೇಲಿನಿಂದ ಆರಿಸಿ ಕಾಡುತ್ತಿದ್ದಳು, ಮಧು ಕೆಳಗಿನಿಂದ ಹಚ್ಚಿ ಬೈಯುತ್ತಿದ್ದಳು.

ಕೈಗಾವಲು ಬಂದಾಗ ದಾನೇಶ್ವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಓಣಿಯ ಮನೆಮನೆಗೆ ಹೋಗಿ, "ನಮ್ಮ ಮಧು ಮಾಡಿದ್ದು, ಕಣ್ಣು ಮುಚ್ಚಿ ಹಾಕಿಸ್ರಿ," ಎಂದಳು. ಅವಳ ಮಾತಿಗೆ ಓಣಿಯಲ್ಲಿ ತೂಕವಿತ್ತು. ಎಲ್ಲರೂ ಹಾಕಿಸಿದರು.

ಆ ವರ್ಷದ ಬೇಸಿಗೆಯಲ್ಲಿ ಕರೆಂಟಿಗೆ ಬರ ಬಂತು. ದಾನೇಶ್ವರಿಯ ಮನೆಯಲ್ಲಿ ಬೆಳಿಗ್ಗೆ ಹೋದದ್ದು ಮಧ್ಯಾಹ್ನಕ್ಕೆ ಬಂದರೆ ಬಂತು. ಮಗ್ಗದ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡಿದ್ದ ಕಳಕೇಶನಿಗೆ ಯಂತ್ರವೇ ಉಸಿರು. ಯಂತ್ರದ ಬ್ಯಾಟರಿ ತುಂಬಲು ಪುರಸೊತ್ತೇ ಸಿಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅದು ಪೂರ್ತಿ ಬತ್ತಿತು. ಕಳಕೇಶನ ತುಟಿ ನೀಲಿಗಟ್ಟಿತು. ಅವಳು ಬೀದಿಗೆ ಓಡಿಬಂದು ಚೀರಿದಳು. ಎದುರುಮನೆಯ ಗವಿಸಿದ್ಧ ಬಂದು ಅವನನ್ನು ಕುರ್ಚಿಸಮೇತ ಎತ್ತಿ ತನ್ನ ಮನೆಗೆ ಒಯ್ದ, ಅವಳು ಯಂತ್ರ ಹಿಡಿದು ಹಿಂದೆ ಓಡಿದಳು. ಅಲ್ಲಿ ಪ್ಲಗ್ಗು ಸಿಕ್ಕಿಸಿದ ಕೂಡಲೇ ಯಂತ್ರ ಗುರುಗುಟ್ಟಿತು.

ಕಳಕೇಶನ ಮುಖಕ್ಕೆ ಬಣ್ಣ ಮರಳಿದ ಮೇಲೆಯೇ ದಾನೇಶ್ವರಿ ಸುತ್ತ ನೋಡಿದಳು. ಗವಿಸಿದ್ಧನ ಮನೆಯಲ್ಲಿ ಟಿವಿ ಹಾಡುತ್ತಿತ್ತು, ಫ್ರಿಜ್ಜು ಗುಂಯ್‌ಗುಡುತ್ತಿತ್ತು.

"ನಿಮ್ಮನ್ಯಾಗ ಕರೆಂಟು ಹೋಗಿಲ್ಲೇನು?"

"ಹೋಗ್ತದಕ್ಕ, ಗಳಿಗಿಯೊಳಗ ಬರ್ತದ," ಎಂದ ಗವಿಸಿದ್ಧ.

ಎರಡೂ ಮನೆಗೆ ಒಂದೇ ಕಂಬ, ಒಂದೇ ತಂತಿ.

ಸುದ್ದಿ ತಿಳಿದು ಮರುದಿನ ಮಧುಮತಿ ಮೋಸಂಬಿ ಹಿಡಿದುಕೊಂಡು ಬಂದಳು. ಕಳಕೇಶನ ಕೈ ಹಿಡಿದು ಮಾತಾಡಿಸಿದಳು. ದಾನೇಶ್ವರಿ ಅವಳನ್ನು ಮೆಟ್ಟಿಲ ಹತ್ತಿರ ಕರೆದು, ಒಂದೇ ಕಂಬದ ಎರಡು ಮನೆಗೆ ಎರಡು ನ್ಯಾಯ ಯಾಕೆ ಎಂದು ಕೇಳಿದಳು. ಪೆಟ್ಟಿಗೆ ಕೆಟ್ಟಿರಬೇಕೆಂದೇ ಅವಳು ನಂಬಿದ್ದಳು.

ಮಧುಮತಿ ಮೆಟ್ಟಿಲ ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.

"ಕೆಟ್ಟಿಲ್ಲ ದಾನಿ. ಈ ದೀಪಕ್ಕ ಇದ್ದಂಗ, ಅದಕ್ಕೂ ಇನ್ನೊಂದು ತುದಿ ಅದ. ಕರೆಂಟು ಹಂಚೋರ ಕೈಯಾಗ. ಅದು ಇಲ್ಲಂದ್ರ ಅವ್ರು ಪೆಟ್ಟಿಗಿ ಕೊಳ್ತಿರಲಿಲ್ಲ. ಜನ ಹಳೇ ಸಾಮಾನಿನಾಗ ಸಾಯೋದೂ ತಪ್ಪತಿರಲಿಲ್ಲ."

"ಅಂದ್ರ?"

"ಕಡಿಮಿ ಬಿದ್ದಾಗ ಮೊದಲು ಊರಿನ ಒಂದು ಭಾಗದಾಗ ಎಲ್ಲರದೂ ಹೋಗ್ತದ. ಆಮ್ಯಾಲೆ ಇದ್ದಷ್ಟನ್ನ ಯಾರಿಗೆ ತಿರುಗಿ ಕೊಡಬೇಕು ಅಂತ ಪೆಟ್ಟಿಗಿ ಹೇಳ್ತದ. ಗವಿಸಿದ್ಧ ಕರೆಂಟು ಹೋದ ಕೂಡ್ಲೆ ಸ್ವಿಚ್ಚು ಟಕಟಕ ಕುಕ್ಕತಾನ. ಅಂಥಾ ಮನಿಯವ್ರು ಗಲಾಟಿ ಮಾಡ್ತಾರ, ಆಫೀಸಿಗೆ ನುಗ್ಗತಾರ. ಅವ್ರಿಗೆ ಮೊದಲು. ನೀನು..."

ಮುಂದಿನದು ದಾನೇಶ್ವರಿಗೆ ಹೇಳಬೇಕಾಗಿರಲಿಲ್ಲ. ಕರೆಂಟು ಹೋದ ಕೂಡಲೇ ಅವಳು ಮನೆಯ ಒಂದೊಂದೇ ಸ್ವಿಚ್ಚನ್ನು ಆರಿಸುತ್ತಿದ್ದಳು. ಮರಳಿ ಬರುವಾಗ ಕರೆಂಟು ಜಿಗಿದು ಬರುತ್ತದೆ, ಸಾಮಾನು ಸುಟ್ಟೀತು ಎಂದು ತಾಯಿ ಕಲಿಸಿದ ರೂಢಿ ಅದು. ಬಂದದ್ದು ತಿಳಿಯಲೆಂದು ಮೆಟ್ಟಿಲ ದೀಪವೊಂದನ್ನೇ ಹಚ್ಚಿದಂತೆ ಬಿಡುವುದು. ಆಮೇಲೆ 'ಸುಮ್ಮ ಕುಂಡ್ರು, ಬರ್ತದ' ಎಂದು ಕೂರುವುದು. ಕಳಕೇಶನ ಯಂತ್ರ ಬ್ಯಾಟರಿಯ ಮೇಲೆ ಓಡುವಾಗ ಅದರ ಗೋಡೆಯ ಸ್ವಿಚ್ಚನ್ನು ಎಲ್ಲಕ್ಕಿಂತ ಮೊದಲು ಆರಿಸುತ್ತಿದ್ದಳು, ಅದು ಸುಡಬಾರದಲ್ಲ. ಪೆಟ್ಟಿಗೆಯ ಲೆಕ್ಕದಲ್ಲಿ ಈ ಮನೆಗೆ ಬೇಕಾದದ್ದು ಒಂದು ಸಣ್ಣ ಬಲ್ಬು.

"ಅದಕ್ಕ ತಿಳೀದಿರಬಹುದು, ಪೆಟ್ಟಿಗಿ ಅದು," ಎಂದಳು ದಾನೇಶ್ವರಿ. "ನಿನಗ ತಿಳೀತಿತ್ತಲ್ಲ ಮಧು? ನಮ್ಮವ್ವ ಸ್ವಿಚ್ಚು ಆರಿಸೋದು ನೀ ನೋಡೀಯಲ್ಲ? ನೀನೂ ಆರಿಸೀಯಲ್ಲ?"

ಮಧುಮತಿ ತಲೆ ತಗ್ಗಿಸಿದಳು. "ಅದನ್ನ ಕಂಡೇ ನನಗ ಹೊಳದದ್ದು. ತಾಳ್ಮಿ ಅಳೆಯೂದು ಹೆಂಗ ಅಂತ ಕರೆಂಟಿನವ್ರು ಕೇಳಿದಾಗ ನಿಮ್ಮ ಮನಿ ನೆನಪಾತು. ಮೊದಲ ಅಳತಿ ನಿಮ್ಮ ಪೆಟ್ಟಿಗಿದ. ಇಷ್ಟು ತಾಳೋರು ಇದ್ದಾರ ಅಂತ ತೋರಿಸಿದೆ."

ಕಾಯಲೆಂದು ಕೂರಿಸಿದ ಬೇಲಿಯೇ ಎದ್ದು ಹೊಲ ಮೇದಿತ್ತು. ಬೇಲಿಯನ್ನು ಓಣಿಗೆಲ್ಲ ಹಂಚಿದವಳು ತಾನೇ.

"ಉಂಡ ಮನಿಗೆ ಎರಡು ಬಗದೆಲ್ಲ," ಎಂದಳು. ಅಳು ಬಂತು. ಅದನ್ನು ಅವಳು ಮುಚ್ಚಿಡಲಿಲ್ಲ.

"ಮೊದಲು ಏನಿತ್ತು ಹೇಳು?" ಮಧುಮತಿಯ ದನಿಯೂ ಏರಿತು. "ಪೆಟ್ಟಿಗಿ ಬರೂಕಿಂತ ಮೊದಲು ಯಾವ ಓಣಿದು ಕರೆಂಟು ತೆಗೀತಿದ್ರು? ಫೋನು ಮಾಡಿ ಜಗಳಾಡದವ್ರದ. ನಾ ಹೊಸಾದೇನೂ ಮಾಡಿಲ್ಲ, ಇದ್ದದ್ದನ್ನ ಅಳತಿ ಮಾಡಿದೆ." ಆಮೇಲೆ ತಗ್ಗಿದ ದನಿಯಲ್ಲಿ, "ಇನ್ಮ್ಯಾಲೆ ಆರಿಸಬ್ಯಾಡ. ಕುಕ್ಕು. ಸಾಮಾನು ಸುಡಾಂಗಿಲ್ಲ, ಪೆಟ್ಟಿಗಿ ಕಾಯ್ತದ. ಯಾರಿಗೂ ಹೇಳಬ್ಯಾಡ, ನಿನಗಷ್ಟ ಹೇಳೀನಿ," ಎಂದಳು.

"ಮೋಸಂಬಿ ತಗೊಂಡು ಹೋಗು."

ಮಧುಮತಿ ಹೋದಳು. ದಾನೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡು, ಹಿಂದೆ ಹೊಗಳಿಕೊಂಡು ಹೋಗಿದ್ದ ಮನೆಗಳಿಗೇ ಮತ್ತೆ ಹೋದಳು. ತಾನು ಹೇಳಿ ಹಾಕಿಸಿದ್ದು ತಪ್ಪಾಯಿತು ಎಂದು ಒಬ್ಬೊಬ್ಬರ ಮುಂದೆಯೂ ಹೇಳಿದಳು. ಕೆಲವರು ಬೈದರು. ಬೈಯಲಿ ಎಂದು ನಿಂತು ಕೇಳಿ, ಏನು ಮಾಡಬೇಕೆಂದು ತಿಳಿಸಿ ಬಂದಳು.

ಮುಸ್ಸಂಜೆ ಕರೆಂಟು ಹೋಯಿತು. ಕಳಕೇಶನ ಯಂತ್ರ ಬ್ಯಾಟರಿಗೆ ತಿರುಗಿ 'ಪೀಂ' ಎಂದಿತು. ದಾನೇಶ್ವರಿಯ ಬೆರಳು ರೂಢಿಯಂತೆ ಆರಿಸಲು ಹೋಗಿ, ತಡೆದು, ಕುಕ್ಕಿತು. ಟಕ್, ಟಕ್, ಟಕ್. ಪಕ್ಕದ ಮನೆಯಲ್ಲೂ ಟಕ್ ಎಂದಿತು, ಅದರ ಆಚೆಯ ಮನೆಯಲ್ಲೂ. ಇಡೀ ಓಣಿಯಲ್ಲಿ ಮಗ್ಗಗಳು ಮತ್ತೆ ಶುರುವಾದಂತೆ ಸದ್ದೆದ್ದಿತು.

ದೀಪ ಬಂದವು. ಓಣಿಯಲ್ಲಿ ಮಕ್ಕಳು ಹೋ ಎಂದು ಕೇಕೆ ಹಾಕಿದರು. ಕಳಕೇಶ ಒಳಗಿನಿಂದ ನಗುತ್ತ ಕೈಯೆತ್ತಿದ.

ಅದೇ ಗಳಿಗೆಗೆ, ಕಿಟಕಿಯಾಚೆ, ರೈಲು ಹಳಿಯ ಆ ಬದಿಗೆ ಹೊತ್ತಿದ್ದ ದೀಪಗಳು ಸಾಲಾಗಿ ಆರಿದವು. ದಾನೇಶ್ವರಿ ಕಾದಳು. ಅವು ಮತ್ತೆ ಹೊತ್ತಲಿಲ್ಲ. ಅಲ್ಲಿ ಯಾವಳೋ ಒಬ್ಬಳು ಈಗ ಒಂದೊಂದೇ ಸ್ವಿಚ್ಚು ಆರಿಸಿ, ಒಂದು ಬಲ್ಬನ್ನಷ್ಟೇ ಬಿಟ್ಟು, 'ಸುಮ್ಮ ಕುಂಡ್ರು, ಬರ್ತದ' ಎಂದು ಮನೆಯವರಿಗೆ ಹೇಳುತ್ತಿರಬೇಕು. ನಾಳೆ ಹೋಗಿ ಅವಳಿಗೂ ಹೇಳಬೇಕು ಎಂದುಕೊಂಡಳು. ಆಗ ಕತ್ತಲೆ ಇನ್ನೂ ಆಚೆಗೆ, ಇನ್ನೂ ತಾಳುವವರ ಮನೆಗೆ ಹೋದೀತು ಎಂಬುದೂ ಅವಳಿಗೆ ಹೊಳೆಯಿತು.

ಕರೆಂಟು ಬಂದಿತ್ತು, ಕುಕ್ಕುವ ಕೆಲಸವಿರಲಿಲ್ಲ. ಒಳಗೆ ಯಂತ್ರ ಗುರುಗುಡುತ್ತಿತ್ತು. ಆದರೂ ಅವಳು ಸ್ವಿಚ್ಚಿನ ಮೇಲಿಂದ ಬೆರಳು ತೆಗೆಯಲಿಲ್ಲ.