ಮಲಗಿದವನ ಎದೆಯ ಫಿಲ್ಮು

"ಏಳನೇ ಕ್ಲಾಸು ದಾಟದ ಕೈ ಕಣ್ರೀ ಇದು! ಈ ಕೈಗೆ ಸ್ಟ್ರೆಚರ್ ತಳ್ಳೋಕೆ ಕೊಟ್ಟಿದ್ದೇ ಹೆಚ್ಚು. ಹೋಗಿ ಮೆಷಿನ್ ಮುಟ್ಟಿದೆ, ನೋಡಿ ಏನಾಯ್ತು!"

ನಮ್ಮ ಎಕ್ಸ್‌ರೇ ವಿಭಾಗದ ಚೀಫ್ ನನ್ನ ಮಣಿಕಟ್ಟು ಹಿಡಿದು ಮೇಲೆತ್ತಿ ಹೀಗೆ ಕೂಗಿದಾಗ ಬೆಳಿಗ್ಗೆ ಒಂಬತ್ತೂವರೆ. ಕಾರಿಡಾರಿನ ಬೆಂಚುಗಳಲ್ಲಿ ಚೀಟಿ ಹಿಡಿದು ಕೂತಿದ್ದ ನಲವತ್ತು ಜನ ಕತ್ತು ಹೊರಳಿಸಿದರು. ಮುರಿದ ಕೈಯವರು, ಊದಿದ ಮೊಣಕಾಲಿನವರು, ಎಲ್ಲರಿಗೂ ಒಂದು ಗಳಿಗೆ ತಮ್ಮ ನೋವು ಮರೆತುಹೋಯಿತು. ಎದುರಿಗೆ ನಿಂತಿದ್ದವಳು ಒಬ್ಬ ಪೇಂಟರನ ಹೆಂಡತಿ. ರಾತ್ರಿಯೆಲ್ಲ ಐಸಿಯು ಬಾಗಿಲಲ್ಲಿ ಕೂತು ಕಣ್ಣು ಬಾತಿದ್ದವು. "ನಿನ್ ಕೈ ಸೇದೋಗ!" ಎಂದು ನನಗೆ ಶಾಪ ಹಾಕಿ ಅಲ್ಲೇ ಕುಸಿದು ಕೂತಳು.

ನಾನು ಮೆಷಿನ್ ಮುಟ್ಟಿರಲಿಲ್ಲ.

ಆದದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ, ಏಣಿಯಿಂದ ಬಿದ್ದ ಪೇಂಟರನನ್ನು ತುರ್ತು ವಿಭಾಗಕ್ಕೆ ತಂದಿದ್ದರು. ಪಕ್ಕೆಲುಬು ಮುರಿದು ಎಡ ಶ್ವಾಸಕೋಶ ಕುಸಿದಿತ್ತು. ಹಾಸಿಗೆಯ ಬಳಿಗೇ ಗಾಲಿ ಮೆಷಿನ್ ಒಯ್ದು ಎದೆಯ ಫಿಲ್ಮು ತೆಗೆದರು. ಆ ಫಿಲ್ಮಿನಲ್ಲಿ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅದನ್ನು ನಂಬಿದ ಡ್ಯೂಟಿ ಡಾಕ್ಟರು ಚೆನ್ನಾಗಿದ್ದ ಬಲಗಡೆಗೆ ನಳಿಕೆ ತೂರಿಸಿದರು. ಹಿರಿಯ ಸರ್ಜನ್ ಓಡಿ ಬಂದು ಎದೆಗೆ ಕಿವಿಗೊಟ್ಟು ಎಡಗಡೆ ತೂತು ಮಾಡದಿದ್ದರೆ ಅವನು ಅಲ್ಲೇ ಮುಗಿಯುತ್ತಿದ್ದ. ನಾಲ್ಕು ಗಂಟೆಗೆ ವಿಷಯ ಹೊರಗೆ ಬಂತು. ಫಿಲ್ಮು ತೆಗೆದವರು ಯಾರು? ಯಾರೂ ಬಾಯಿ ಬಿಡಲಿಲ್ಲ.

ತುರ್ತು ವಿಭಾಗದವರಿಗೂ ಗೊತ್ತಿರಲಿಲ್ಲ. "ಎಕ್ಸ್‌ರೇ!" ಎಂದು ಕೂಗಿದ ಕೂಡಲೇ ಅಲ್ಲಿ ಎಲ್ಲರೂ ಗೋಡೆಯಾಚೆ ಓಡುತ್ತಾರೆ. ಮಾಸ್ಕು, ಟೋಪಿ, ಮೇಲೊಂದು ಸೀಸದ ಏಪ್ರನ್ ತೊಟ್ಟು ಮೆಷಿನ್ ತಳ್ಳಿಕೊಂಡು ಬಂದವನ ಮುಖ ಯಾರು ನೋಡುತ್ತಾರೆ? ಮೂರು ವರ್ಷದಿಂದ ಅದೇ ವಿಭಾಗಕ್ಕೆ ಸ್ಟ್ರೆಚರ್ ತಳ್ಳುತ್ತಿದ್ದೇನೆ, ನನ್ನ ಮುಖವೇ ಅವರಿಗೆ ಗೊತ್ತಿಲ್ಲ.

ಕಂಪ್ಯೂಟರಿನಲ್ಲಿದ್ದ ಸಮಯ ಒಂದು ಗಂಟೆ ಹತ್ತು ನಿಮಿಷ. ತೆಗೆದವರ ಹೆಸರಿನ ಜಾಗದಲ್ಲಿ, ವಿಭಾಗದವರೆಲ್ಲ ಅಕ್ಕ ಎಂದು ಕರೆಯುವ ಟೆಕ್ನಿಷಿಯನ್ ಹೆಂಗಸಿನ ಹೆಸರು. ಆದರೆ ಅಕ್ಕ ಹನ್ನೆರಡೂವರೆಯಿಂದ ಒಂದೂವರೆಯವರೆಗೆ ಊಟಕ್ಕೆ ಹೋಗಿದ್ದಳು, ಕ್ಯಾಂಟೀನಿನವರೆಲ್ಲ ಸಾಕ್ಷಿ. ಟ್ರೈನಿ ಹುಡುಗಿ ಹನ್ನೆರಡೂವರೆಯಿಂದ ಒಂದು ಇಪ್ಪತ್ತರವರೆಗೆ ಸ್ಕ್ಯಾನ್ ರೂಮಿನಲ್ಲಿ ಒಬ್ಬ ಪೇಷಂಟನ್ನು ಮೇಜಿನ ಮೇಲೆ ಮಲಗಿಸಿಕೊಂಡಿದ್ದಳು. ಚೀಫ್ ತಮ್ಮ ಕೋಣೆಯಲ್ಲಿ ಬರೆಯುತ್ತಾ ಕೂತಿದ್ದರಂತೆ. ವಿಭಾಗದಲ್ಲಿ ಉಳಿದವನು ನಾನೊಬ್ಬ, ಹಿಂದಿನ ನಲ್ಲಿಯ ಹತ್ತಿರ ಸ್ಟ್ರೆಚರ್ ತೊಳೆಯುತ್ತಿದ್ದೆ. ಇನ್ನೇನು ಬೇಕು? ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡೆ.

"ಸಂಜೆ ಐದರೊಳಗೆ ಪೊಲೀಸರಿಗೆ ಬರೆದು ಕೊಡ್ತೀವಿ," ಅಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. "ಈಗಿಂದ್ಲೇ ಕೆಲಸಕ್ಕೆ ಬರಬೇಡ."

ನಾನು ಬ್ಯಾಡ್ಜ್ ಬಿಚ್ಚುತ್ತಿದ್ದಾಗ ಅಕ್ಕ ಬಂದಳು.

ಅಕ್ಕನ ಬಗ್ಗೆ ಹೇಳಬೇಕು. ನಮ್ಮಲ್ಲಿ ಮೆಟ್ಟಿಲುಗಳಿವೆ. ತಳದಲ್ಲಿ ನನ್ನಂಥ ಅಟೆಂಡರ್, ಅವನ ಮೇಲೆ ಟ್ರೈನಿ, ಗ್ರೇಡ್ ಎರಡು, ಗ್ರೇಡ್ ಒಂದು, ಸೀನಿಯರ್, ಆಮೇಲೆ ಚೀಫ್. ಅಕ್ಕ ಇಪ್ಪತ್ತಾರು ವರ್ಷದಿಂದ ಗ್ರೇಡ್ ಒಂದರಲ್ಲೇ ನಿಂತಿದ್ದಾಳೆ. ಅವಳ ಹತ್ತಿರ ಇರುವುದು ಒಂದು ವರ್ಷದ ಸರ್ಟಿಫಿಕೇಟ್ ಮಾತ್ರ. ಸೀನಿಯರ್ ಆಗಲು ಡಿಗ್ರಿ ಬೇಕು. ಅವಳ ಕೈಕೆಳಗೆ ಎಕ್ಸ್‌ರೇ ಪ್ಲೇಟು ಹಿಡಿಯಲು ಕಲಿತ ಮೂವರು ಚೀಫ್ ಆಗಿ ಹೋದರು. ಈಗಿನ ಚೀಫ್ ನಾಲ್ಕನೆಯವರು. ಅವರ ಕೋಣೆಯ ಗೋಡೆಯಲ್ಲಿ ಸುಣ್ಣ ಕಾಣದಷ್ಟು ಫ್ರೇಮು ಹಾಕಿದ ಸರ್ಟಿಫಿಕೇಟುಗಳು. ಆದರೆ ಆಪರೇಷನ್ ಥಿಯೇಟರಿನ ಕತ್ತರಿ ಕಳೆದರೆ, ಹೆರಿಗೆ ವಾರ್ಡಿನಲ್ಲಿ ಉಂಗುರ ಮಾಯವಾದರೆ, ಜನ ಬಂದು ನಿಲ್ಲುತ್ತಿದ್ದುದು ಅಕ್ಕನ ಮುಂದೆ. "ಒಳಗಿನ ಎಲುಬು ನೋಡೋ ಕೆಲಸ ಕಣೋ ನಮ್ದು. ಮೇಲಿನ ಚರ್ಮ ನೋಡ್ಕೊಂಡು ಏನಾಗ್ಬೇಕು?" ಅನ್ನುತ್ತಿದ್ದಳು.

"ಬ್ಯಾಡ್ಜ್ ಹಾಕ್ಕೊ," ಅಂದಳು.

"ಬೇಡ ಬಿಡಕ್ಕ. ಹೋಗಿ ಆ ಚೀಫ್ ಹಲ್ಲು ಉದುರಿಸಿ ಬರ್ತೀನಿ. ಹೇಗೂ ಪೊಲೀಸು ಅಂದ್ರಲ್ಲ, ಒಂದು ಕಾರಣನಾದ್ರೂ ಇರ್ಲಿ."

"ಹಲ್ಲು ಉದುರಿಸಿದ್ರೆ ಅದರ ಎಕ್ಸ್‌ರೇನೂ ನಾನೇ ತೆಗೀಬೇಕು. ಸುಮ್ನೆ ಬಾ."

ಮೊದಲು ಫಿಲ್ಮನ್ನು ಪರದೆಗೆ ಹಾಕಿ ನೋಡಿದಳು. "ಸೀಸದ ಅಕ್ಷರ ಎಲ್ಲಿ?" ಎಂದಳು. ಪ್ಲೇಟಿನ ಮೂಲೆಗೆ ಎಡ-ಬಲದ ಗುರುತಿಗೆ ಸೀಸದ ಅಕ್ಷರ ಅಂಟಿಸುವುದು ಈ ಕೆಲಸದ ಮೊದಲ ಪಾಠ. ಇದರಲ್ಲಿ ಅದಿರಲಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಟೈಪು ಮಾಡಿದ 'ಬಲ' ಮಾತ್ರ ಇತ್ತು. ಚಿತ್ರವೂ ಸುಟ್ಟ ಹಾಗೆ ಕಪ್ಪಗಿತ್ತು.

ಅಲ್ಲಿಂದ ಗಾಲಿ ಮೆಷಿನ್ನಿನ ಹತ್ತಿರ ಹೋದೆವು. ಅದು ಮುದಿ ಮೆಷಿನ್, ಹೇಳಿದ್ದಕ್ಕಿಂತ ಹೆಚ್ಚು ಕಿರಣ ಉಗುಳುತ್ತದೆ. ಅದಕ್ಕೇ ಅಕ್ಕ ಅದರ ನೆತ್ತಿಗೆ ಬಿಳಿ ಪಟ್ಟಿ ಅಂಟಿಸಿ, ಯಾವ ಮೈಗೆ ಎಷ್ಟು ಅಂಕಿ ಇಡಬೇಕೆಂದು ಪೆನ್ನಿನಲ್ಲಿ ಬರೆದಿದ್ದಳು: ಸಣಕಲು ಎಪ್ಪತ್ತು, ಸಾಧಾರಣ ಎಪ್ಪತ್ತಾರು, ದಪ್ಪ ಎಂಬತ್ತನಾಲ್ಕು. ನಮ್ಮಲ್ಲಿ ಯಾರೇ ಆಗಲಿ ಆ ಪಟ್ಟಿ ನೋಡದೆ ಬಟನ್ ಒತ್ತುವುದಿಲ್ಲ. ಅಕ್ಕ ಹಳೆಯ ಲೆಕ್ಕದ ಗುಂಡಿ ಒತ್ತಿದಳು. ಹಿಂದಿನ ದಿನ ಮಧ್ಯಾಹ್ನದ ಒಂದೇ ಒಂದು ಫಿಲ್ಮು ಅದರಲ್ಲಿತ್ತು. ಸಮಯ ಹನ್ನೆರಡು ಐವತ್ತೆರಡು. ಅಂಕಿ ನೂರಹತ್ತು.

"ಹನ್ನೆರಡು ಐವತ್ತೆರಡಕ್ಕೆ ನೀನೆಲ್ಲಿದ್ದೆ?"

"ನಾಲ್ಕನೇ ಮಹಡಿ. ಸೊಂಟ ಮುರಿದ ಅಜ್ಜಿನ ವಾರ್ಡಿಗೆ ಬಿಟ್ಟೆ. ಸಿಸ್ಟರ್ ರಿಜಿಸ್ಟರಿಗೆ ಸಹಿ ಹಾಕಿದ್ರು. ವಾಪಸ್ ಬಂದಾಗ ಒಂದೂ ಐದು."

"ಕಳಿಸಿದ್ದು ಯಾರು?"

"ಚೀಫು. ಆಮೇಲೆ ಒಂದೂ ಮುಕ್ಕಾಲಿಗೆ ಮತ್ತೆ ಕರೆದು, ಒಂದು ಅಂಟಿಸಿದ ಕವರ್ ಕೊಟ್ಟು, ಎರಡು ಗಂಟೆ ಒಳಗೆ ದೊಡ್ಡ ಡಾಕ್ಟ್ರ ಆಫೀಸಿಗೆ ಮುಟ್ಟಿಸು ಅಂತ ಓಡಿಸಿದ್ರು."

ಅಕ್ಕ ನೇರವಾಗಿ ನೋಟಿಸ್ ಬೋರ್ಡಿನ ಮುಂದೆ ಹೋಗಿ ನಿಂತಳು. ಹೊಸದಾಗಿ ಮಂಜೂರಾದ ಮುಖ್ಯ ಸೂಪರ್‌ವೈಸರ್ ಹುದ್ದೆಯ ಪ್ರಕಟಣೆ ಅಲ್ಲಿತ್ತು. ಡಿಗ್ರಿ ಇರಬೇಕು, ಹತ್ತು ವರ್ಷದ ಅನುಭವ ಇರಬೇಕು, ಮತ್ತು ಈ ಒಂದು ವರ್ಷದಲ್ಲಿ ಹಾಸಿಗೆ ಪಕ್ಕದ ಹತ್ತು ಕೇಸುಗಳನ್ನು ಸ್ವಂತ ಕೈಯಿಂದ ಮಾಡಿರಬೇಕು. ಕೊನೆಯ ದಿನಾಂಕ ನಿನ್ನೆ, ಮಧ್ಯಾಹ್ನ ಎರಡು ಗಂಟೆ.

ಆಮೇಲೆ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದಳು. ನನಗೆ ಕೇಳಿದ್ದು ಅವಳ ಮಾತಷ್ಟೆ. "ನಿನ್ನೆ ಯಾರ ಪಾಸ್‌ವರ್ಡಾದ್ರೂ ಲಾಕ್ ಆಗಿತ್ತಾ? ಎಷ್ಟು ಹೊತ್ತಿಗೆ? ಒಂದೂ ಮೂರಾ? ಸರಿ, ಅದನ್ನೇ ಒಂದು ಚೀಟೀಲಿ ಬರ್ಕೊಡಪ್ಪ."

ಕೊನೆಗೆ ಹೋದದ್ದು ಐಸಿಯು ಬಾಗಿಲಿಗೆ. ನನ್ನನ್ನು ಕಂಡು ಪೇಂಟರನ ಹೆಂಡತಿ ಮುಖ ತಿರುಗಿಸಿದಳು. ಅಕ್ಕ ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತಳು.

"ತಾಯಿ, ಫಿಲ್ಮು ತೆಗೆಯುವಾಗ ನೀನು ಅಲ್ಲೇ ಇದ್ಯಾ?"

"ಪರದೆ ಪಕ್ಕ ಇದ್ದೆ ಅಮ್ಮಾ. ಮುಖಕ್ಕೆಲ್ಲ ಮುಚ್ಚಿಕೊಂಡಿದ್ರು. ಇವನೋ ಯಾರೋ, ನಂಗೆ ಗೊತ್ತಾಗ್ಲಿಲ್ಲ."

"ಏನಾದ್ರೂ ಮಾತಾಡಿದ್ರಾ?"

"ಎದೆ ಹಲಗೆಗೆ ಒತ್ತಿ, ಗದ್ದ ಮೇಲೆತ್ತಿ, ಉಸಿರು ಬಿಗಿಹಿಡೀರಿ ಅಂದ್ರು. ನಮ್ಮೋರು ಅಂಗಾತ ಮಲಗವ್ರೆ, ಹಲಗೆ ಬೆನ್ನಡಿ ಐತೆ. ಎದೆ ಎಲ್ಲಿಗೆ ಒತ್ತೋದು? ಆ ಸಂಕಟದಾಗೂ ಇದೇನಪ್ಪಾ ಅನ್ನಿಸ್ತು ನೋಡಿ."

ಅಕ್ಕ ಅವಳ ಕೈ ಹಿಡಿದು ಎಬ್ಬಿಸಿದಳು. "ನಾಲ್ಕು ಗಂಟೆಗೆ ನಮ್ಮ ರೂಮಿಗೆ ಬಾ."

ನಾಲ್ಕಕ್ಕೆ ಫಿಲ್ಮು ನೋಡುವ ಕೋಣೆಯಲ್ಲಿ ಆರು ಜನ ಸೇರಿದೆವು. ದೊಡ್ಡ ಡಾಕ್ಟರು, ಚೀಫ್, ಟ್ರೈನಿ ಹುಡುಗಿ, ಪೇಂಟರನ ಹೆಂಡತಿ, ಅಕ್ಕ, ನಾನು.

"ಈಯಮ್ಮ ಯಾಕಿಲ್ಲಿ? ಇದು ಇಲಾಖೆ ಒಳಗಿನ ವಿಷಯ," ಅಂದರು ಚೀಫ್.

"ಬೈದದ್ದು ಕಾರಿಡಾರಿನಲ್ಲಿ ಇವಳ ಎದುರಿಗೆ. ಆಗ ಒಳಗಿನ ವಿಷಯ ಆಗಿರ್ಲಿಲ್ವಾ?" ಅಂದಳು ಅಕ್ಕ. ದೊಡ್ಡ ಡಾಕ್ಟರು ಕುರ್ಚಿ ತೋರಿಸಿದರು, ಆಕೆ ಕೂತಳು.

"ಮೊದಲು ನನ್ನ ತಪ್ಪು ಹೇಳ್ತೀನಿ," ಎಂದು ಶುರುಮಾಡಿದಳು ಅಕ್ಕ. "ಊಟಕ್ಕೆ ಹೋಗುವಾಗ ನನ್ನ ಹೆಸರಲ್ಲಿ ತೆರೆದಿದ್ದ ಕಂಪ್ಯೂಟರ್ ಮುಚ್ಚದೆ ಹೋದೆ. ಅದಕ್ಕೆ ಏನು ಶಿಕ್ಷೆ ಕೊಟ್ರೂ ಸರಿ. ಆದ್ರೆ ಒಂದೂ ಹತ್ತು ಅನ್ನೋದು ಫಿಲ್ಮು ತೆಗೆದ ಹೊತ್ತಲ್ಲ ಡಾಕ್ಟ್ರೇ, ಪ್ಲೇಟನ್ನು ತಂದು ಕಂಪ್ಯೂಟರಿಗೆ ಓದಿಸಿದ ಹೊತ್ತು. ತೆಗೆದದ್ದು ಹನ್ನೆರಡು ಐವತ್ತೆರಡಕ್ಕೆ, ಮೆಷಿನ್ ಹೊಟ್ಟೆಯಲ್ಲೇ ಬರೆದಿದೆ. ಆಗ ಈ ಹುಡುಗ ನಾಲ್ಕನೇ ಮಹಡಿಯಲ್ಲಿದ್ದ. ಸಿಸ್ಟರ್ ಸಹಿ ಇಲ್ಲಿದೆ."

ದೊಡ್ಡ ಡಾಕ್ಟರು ರಿಜಿಸ್ಟರ್ ಎಳೆದುಕೊಂಡು ಸಹಿ ನೋಡಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

"ಇಬ್ಬರು ಉಳಿದ್ರು. ಟ್ರೈನಿ, ಚೀಫು. ಟ್ರೈನಿ ಮೇಜಿನ ಮೇಲೆ ಪೇಷಂಟ್ ಇದ್ರು, ಸ್ಕ್ಯಾನಿನ ಚಿತ್ರಗಳೇ ಸಾಕ್ಷಿ. ಅದು ಬೇಡ, ಅಂಕಿ ನೋಡಿ. ನೂರಹತ್ತು! ಅದು ಪುಸ್ತಕದಲ್ಲಿ, ಗೋಡೆಗೆ ನಿಂತ ಪೇಷಂಟಿಗೆ ಅಂತ ಬರೆದಿರೋದು. ಈ ಮೆಷಿನ್ನಿನ ಜೊತೆ ಒಂದು ದಿನ ಏಗಿದವರೂ ಮಲಗಿದವನಿಗೆ ಅದನ್ನ ಇಡಲ್ಲ. ಆಮೇಲೆ ಈ ತಾಯಿ ಕೇಳಿದ ಮಾತು, ಎದೆ ಹಲಗೆಗೆ ಒತ್ತಿ. ಅದೂ ನಿಂತವರಿಗೆ ಹೇಳೋದು. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು, ಗಾಬರೀಲಿ ನಾಲಿಗೆಗೆ ಬಂದಿದೆ."

"ಅದಕ್ಕೂ ಎಡ-ಬಲಕ್ಕೂ ಏನು ಸಂಬಂಧ?" ಕೇಳಿದರು ದೊಡ್ಡ ಡಾಕ್ಟರು.

ಅಕ್ಕ ಒಂದು ಫಿಲ್ಮು ತೆಗೆದು ಬೆಳಕಿಗೆ ಹಿಡಿದಳು, ಮತ್ತೆ ಮಗುಚಿ ಹಿಡಿದಳು. "ನಿಂತವರು ಎದೆಯನ್ನು ಪ್ಲೇಟಿಗೆ ಕೊಡ್ತಾರೆ, ಮಲಗಿದವರು ಬೆನ್ನು ಕೊಡ್ತಾರೆ. ಯಾವುದು ಅಂತ ಕಂಪ್ಯೂಟರಿಗೆ ನಾವೇ ಹೇಳ್ಬೇಕು. ಮಲಗಿದವನನ್ನು ನಿಂತವನು ಅಂದ್ರೆ, ಅದು ಚಿತ್ರಾನ ಹೀಗೆ ಮಗುಚಿ ಹಾಕುತ್ತೆ. ಸೀಸದ ಅಕ್ಷರ ಇದ್ದಿದ್ರೆ ತಿರುಗಾಮುರುಗಾ ಕಂಡು ಎಚ್ಚರಿಸ್ತಿತ್ತು. ಅದೂ ಇರ್ಲಿಲ್ಲ."

ಚೀಫ್ ನಕ್ಕರು. "ಆರು ತಿಂಗಳಿಂದ ನಾನು ಕಂಪ್ಯೂಟರ್ ಒಳಗೇ ಹೋಗಿಲ್ಲ. ಬೇಕಾದ್ರೆ ವಿಚಾರಿಸಿ."

"ವಿಚಾರಿಸಿದೆ," ಅಂದಳು ಅಕ್ಕ, ಚೀಟಿ ಬಿಚ್ಚುತ್ತಾ. "ಹೋಗಿಲ್ಲ ನಿಜ. ಹೋಗೋಕೆ ನೋಡಿದ್ರಿ. ಒಂದೂ ಮೂರಕ್ಕೆ ನಿಮ್ಮ ಹೆಸರಲ್ಲಿ ಮೂರು ಸಲ ತಪ್ಪು ಪಾಸ್‌ವರ್ಡ್ ಬಿದ್ದು ಲಾಕ್ ಆಯ್ತು. ಕೈಯಲ್ಲಿ ಪ್ಲೇಟು, ಅಲ್ಲಿ ಡಾಕ್ಟರ ಅವಸರ. ಪಕ್ಕದಲ್ಲೇ ನನ್ನ ಕಂಪ್ಯೂಟರ್ ತೆರೆದಿತ್ತು."

"ಯಾರೋ ನನ್ನ ಹೆಸರಲ್ಲಿ ಒತ್ತಿರ್ಬಹುದು. ಇವನೇ ಒತ್ತಿರ್ಬಹುದು! ಅಲ್ಲಾ, ಹುದ್ದೆಯಲ್ಲಿ ಚೀಫ್ ನಾನು. ಗಾಲಿ ಮೆಷಿನ್ ತಳ್ಕೊಂಡು ಹೋಗೋ ಕರ್ಮ ನನಗ್ಯಾಕೆ?"

ಅಕ್ಕ ದೊಡ್ಡ ಡಾಕ್ಟರ ಕಡೆ ತಿರುಗಿದಳು. "ನಿನ್ನೆ ಎರಡು ಗಂಟೆ ಒಳಗೆ ಚೀಫ್ ಕಳಿಸಿದ ಕವರ್ ನಿಮ್ಮ ಆಫೀಸಲ್ಲಿದೆ. ತರಿಸಿ."

ಚೀಫ್ ಮುಖದ ಬಣ್ಣ ಇಳಿದದ್ದು ನಾನು ಕಣ್ಣಾರೆ ಕಂಡೆ. ಪ್ಯೂನ್ ಕವರ್ ತಂದ. ದೊಡ್ಡ ಡಾಕ್ಟರು ಒಡೆದರು. ಮುಖ್ಯ ಸೂಪರ್‌ವೈಸರ್ ಹುದ್ದೆಗೆ ಅರ್ಜಿ, ಜೊತೆಗೆ ಸ್ವಂತ ಕೈಯಿಂದ ಮಾಡಿದ ಹತ್ತು ಕೇಸುಗಳ ಪಟ್ಟಿ, ಕೆಳಗೆ ಸಹಿ. ಅವರು ಹತ್ತನೆಯ ಸಾಲನ್ನು ಗಟ್ಟಿಯಾಗಿ ಓದಿದರು. ನಿನ್ನೆಯ ತಾರೀಕು, ತುರ್ತು ವಿಭಾಗ, ಮಲಗಿದ ಗಂಡಸು, ಎದೆ. ಪೇಂಟರನ ನಂಬರು.

"ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಅದು ಹೆಮ್ಮೆಯ ಕೇಸು," ಅಂದಳು ಅಕ್ಕ. "ನಾಲ್ಕಕ್ಕೆ ಅದೇ ಉರುಳಾಯ್ತು. ಕವರ್ ವಾಪಸ್ ಕೇಳಿದ್ರೆ ಯಾಕೆ ಅಂತ ಕೇಳ್ತಾರೆ. ಅದಕ್ಕೇ ಯಾರ ತಲೆಗಾದ್ರೂ ಕಟ್ಟಬೇಕಿತ್ತು. ತಲೆ ತಗ್ಗಿಸಿ ನಿಲ್ಲೋನು ಯಾರು ಅಂತ ಹುಡುಕಿದ್ರು."

"ಉಳಿದ ಒಂಬತ್ತು?" ದೊಡ್ಡ ಡಾಕ್ಟರ ದನಿ ತಣ್ಣಗಿತ್ತು.

ಅಷ್ಟು ಹೊತ್ತೂ ಗೋಡೆಗೆ ಒರಗಿದ್ದ ಟ್ರೈನಿ ಬಾಯಿಬಿಟ್ಟಳು. "ಅಂಕಿ ಇಡೋದು, ಪ್ಲೇಟು ಇಡೋದು, ಸೀಸದ ಅಕ್ಷರ ಅಂಟಿಸೋದು ಎಲ್ಲಾ ನಾನು ಸರ್. ಬಟನ್ ಒಂದು ಅವರು ಒತ್ತೋರು. ನನ್ನ ಕನ್ಫರ್ಮೇಶನ್ ಕಾಗದ ಅವರ ಕೈಲಿದೆ. ನಾನೇನು ಹೇಳ್ಲಿ?" ಅಳುತ್ತಿದ್ದಳು, ಸಿಟ್ಟಿನ ಅಳು.

ಪೇಂಟರನ ಹೆಂಡತಿ ಎದ್ದಳು. ಚೀಫ್ ಹತ್ತಿರ ಹೋಗಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ಓದಿದೀರಿ. ಗೊತ್ತಿಲ್ಲ, ಬೇರೆಯೋರ ಕರೀರಿ ಅನ್ನೋ ಒಂದು ಮಾತು ನಿಮಗೆ ಯಾರೂ ಕಲಿಸ್ಲಿಲ್ವಾ?" ಎಂದಳು. ನನ್ನ ಕಡೆ ತಿರುಗಿ ಕೈ ಮುಗಿದು ಐಸಿಯು ಕಡೆ ನಡೆದಳು.

ಪೊಲೀಸರಿಗೆ ಹೋಗುವ ಕಾಗದದಲ್ಲಿ ದೊಡ್ಡ ಡಾಕ್ಟರು ನನ್ನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದರು, ಮೇಲೆ ಬೇರೆ ಹೆಸರು ಬರೆದರು. ಚೀಫ್ ಆ ಪೆನ್ನನ್ನೇ ನೋಡುತ್ತಿದ್ದರು. ಆಮೇಲೆ ಒಮ್ಮೆಲೇ ನನ್ನ ದಾರಿಗೆ ಅಡ್ಡ ಬಂದು ನಿಂತರು.

"ಹದಿನೆಂಟು ವರ್ಷ ಕಣೋ. ಹದಿನೆಂಟು ವರ್ಷ ಓದಿ, ಪರೀಕ್ಷೆ ಬರೆದು, ಒಂದೊಂದೇ ಮೆಟ್ಟಿಲು ಹತ್ತಿದೀನಿ. ಒಂದು ಫಿಲ್ಮಿಗೆ ಎಲ್ಲಾ ಹೋಯ್ತು. ನನ್ನ ಜಾಗದಲ್ಲಿ ನೀನಿದ್ದಿದ್ರೆ ಏನ್ ಮಾಡ್ತಿದ್ದೆ? ನಾನೇ ಮಾಡ್ದೆ ಅಂತ ಒಪ್ಕೋತಿದ್ಯಾ? ಹೇಳು. ನಿಜ ಹೇಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅಕ್ಕನೂ. ನಾಲಿಗೆಯ ತುದಿಯಲ್ಲಿ ಬೈಗುಳ ಸಾಲುಗಟ್ಟಿ ನಿಂತಿದ್ದವು. ಕಾರಿಡಾರಿನಿಂದ ಯಾರೋ ಕೂಗಿದರು, ಎರಡನೇ ಮಹಡಿಯಿಂದ ಕಾಲು ಮುರಿದವರೊಬ್ಬರನ್ನು ಕೆಳಗೆ ತರಬೇಕಂತೆ.

ನಾನು ಅವರ ಪಕ್ಕದಿಂದ ಹಾದು ಹೊರಗೆ ಬಂದು, ಸ್ಟ್ರೆಚರ್ ತಳ್ಳಿಕೊಂಡು ಲಿಫ್ಟಿನ ಕಡೆ ನಡೆದೆ.