ಎರವಲು ತಂದ ದವಡೆ

ಸೂತಕ ಕಳೆದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಸಾಧಾರಣ ಬೆಳಗಿನಲ್ಲಿ ಮೇಘನಾ ಹಲ್ಲುಜ್ಜಿದಳು.

ಅಲ್ಲಿಯವರೆಗೆ ಎಲ್ಲವನ್ನೂ ಯಾರಾದರೂ ಹೇಳುತ್ತಿದ್ದರು. ಇಲ್ಲಿ ಕೂರು, ಇದನ್ನು ಉಡು, ಸ್ವಲ್ಪ ಅಳು, ಅತ್ತರೆ ಹಗುರಾಗುತ್ತದೆ. ಇವತ್ತು ಹೇಳುವವರು ಯಾರೂ ಇರಲಿಲ್ಲ. ಹಿತ್ತಲಿನ ನಲ್ಲಿಯಲ್ಲಿ ನೀರು ಬರುತ್ತಿತ್ತು. ಅವಳು ಬ್ರಷ್ಷನ್ನು ಒತ್ತಿ ಹಿಡಿದು ಉಜ್ಜುತ್ತಲೇ ಇದ್ದಳು.

ಉಗುಳಿದಾಗ ನೊರೆಯಲ್ಲಿ ಕೆಂಪು ಎಳೆ ಕಾಣಿಸಿತು.

ನೋವಾಗಲಿಲ್ಲ. ಈಚೆಗೆ ಅವಳಿಗೆ ಯಾವುದೂ ನೋಯುತ್ತಿರಲಿಲ್ಲ.

ಗಂಡ ಪ್ರಸನ್ನ ಇದ್ದಿದ್ದರೆ ಹಿಂದಿನಿಂದ ಬಂದು ಬ್ರಷ್ ಕಸಿದುಕೊಳ್ಳುತ್ತಿದ್ದ. ಹಲ್ಲೋ ಪಾತ್ರೆಯೋ ಎಂದು ಕೇಳುತ್ತಿದ್ದ. ಮೆತ್ತನೆಯ ಕೂದಲಿನ ಬ್ರಷ್ಷನ್ನು ಅವಳಿಗೆ ಅವನೇ ಆರಿಸಿ ತಂದಿದ್ದ. ಗಟ್ಟಿ ಬ್ರಷ್ಷಿನಿಂದ ಕೊಳೆಗಿಂತ ಮೊದಲು ವಸಡು ಹೋಗುತ್ತದೆ ಎನ್ನುತ್ತಿದ್ದ. ಶುಂಠಿ ಬೆಳೆಯುವವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತವನಿಗೆ ಇಲಿಜ್ವರ ಬಂತು. ಮೊದಲು ಮೈಕೈ ನೋವು ಎಂದ. ಆಮೇಲೆ ಕಣ್ಣು ಹಳದಿಯಾಯಿತು. ಘಾಟಿ ಇಳಿದು ಕೋಯಿಕ್ಕೋಡಿನ ಆಸ್ಪತ್ರೆ ಸೇರುವಾಗ ಅವಳ ಹೆಸರನ್ನೂ ಸರಿಯಾಗಿ ಹೇಳುತ್ತಿರಲಿಲ್ಲ...

ಅವನನ್ನು ಮೊದಲು ನೋಡಿದ್ದು ಮೈಸೂರಿನ ತವರಿನಲ್ಲಿ, ಹೆಣ್ಣು ನೋಡಲು ಬಂದಾಗ. ಆಗಷ್ಟೇ ಎಂ.ಎ. ಮುಗಿಸಿದ್ದಳು. ವಯನಾಡಿನ ಜೈನ ಮನೆತನ, ವೆಳ್ಳಮುಂಡದಲ್ಲಿ ತೋಟ, ಒಬ್ಬನೇ ಮಗ ಎಂದು ಅಮ್ಮ ಹೇಳಿದ್ದಳು. ಆ ಮಗ ತುಟಿ ಬಿಗಿದು ಕೂತಿದ್ದ. ಅವಳು ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಬಾಯಿ ತೆರೆಯಲೇ ಇಲ್ಲ.

'ಎಂಥ ಅಹಂಕಾರ!' ಎಂದುಕೊಂಡಳು. ಸಂಜೆಯೇ ಬೇಡ ಎಂದು ಹೇಳಿಸಿದಳು.

ಮರುದಿನ ಫೋನ್ ಬಂತು.

"ಎಳ್ಳು," ಎಂದಿತು ಆ ಧ್ವನಿ. "ನಿಮ್ಮನೆ ಎಳ್ಳುಂಡೆ. ಮುಂದಿನ ಎರಡು ಹಲ್ಲಿನ ನಡುವೆ ಸಿಕ್ಕೊಂಡಿತ್ತು. ಬಾಯಿ ತೆರೆದಿದ್ರೆ ನೀವು ಜೀವಮಾನ ಪೂರ್ತಿ ನೆನೆಸಿಕೊಂಡು ನಗ್ತಿದ್ರಿ."

"ಈಗಲೂ ನಗ್ತಾನೇ ಇದ್ದೀನಿ."

"ಹಂಗಾರೆ ಇನ್ನೊಂದ್ಸಲ ಬರ್ಲಾ? ಉಂಡೆ ಬೇಡ. ನೀರು ಸಾಕು."

ಹೀಗೆ ಅವಳು ಈ ಮನೆಗೆ ಬಂದಿದ್ದಳು.

ಮಾವ ಆದಿರಾಜರಿಗೆ ಪಾರ್ಶ್ವವಾಯು ಹೊಡೆದದ್ದು ಮದುವೆಯಾದ ಮಳೆಗಾಲದಲ್ಲೇ. ಬಲಗೈ, ಬಲಗಾಲು, ಮುಖದ ಬಲಭಾಗ ಸತ್ತವು. ಮಾತು ತೊದಲಾಯಿತು. ಆದರೆ ವಯಸ್ಸಿಗೆ ಬಂದಾಗಿನಿಂದ ಪಾಲಿಸಿದ ನಿಯಮವನ್ನು ಅವರು ಬಿಡಲಿಲ್ಲ. ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಗಂಟಲಿಗೆ ಇಳಿಯಬಾರದು, ಒಂದು ಗುಟುಕು ನೀರೂ ಕೂಡ. ಊಟ ಬೆಳಕಿನಲ್ಲಿ ಮುಗಿದರೆ ಸಾಲದು. ಹಲ್ಲಿನ ಸಂದಿಯಲ್ಲಿ ಉಳಿದ ಅಗುಳು ರಾತ್ರಿ ಜಾರಿ ಒಳಗೆ ಹೋದರೆ ಅದೂ ರಾತ್ರಿಯ ಊಟವೇ.

ಸತ್ತ ಕೆನ್ನೆಯೊಳಗೆ ಅನ್ನ ನಿಂತದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ದಿನವೂ ಸಂಜೆ ಪ್ರಸನ್ನ ಅಪ್ಪನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೊರಬರುವಾಗ ಕತ್ತಲಾಗಿರುತ್ತಿತ್ತು.

ಮೇಘನಾ ತಾನು ಮಾಡುತ್ತೇನೆಂದು ಎಷ್ಟೋ ಸಲ ಹೇಳಿದ್ದಳು. ಅವನು ಬೇಡವೆನ್ನುತ್ತಿದ್ದ. ಯಾಕೆ ಎಂದು ಹೇಳುತ್ತಿರಲಿಲ್ಲ. ಅವಳು ಬಾಗಿಲಿನಾಚೆ ನಿಂತು, ಒಳಗೆ ನೀರಿನ ಸದ್ದು, ಅವನ ಮೆಲ್ಲನೆಯ ಮಾತು ಕೇಳಿಸಿಕೊಂಡು ಹಿಂದಿರುಗುತ್ತಿದ್ದಳು.

ಜ್ವರ ಬರುವ ಹಿಂದಿನ ಸಂಜೆ ಅದೇ ವಿಷಯಕ್ಕೆ ಜಗಳವಾಗಿತ್ತು. ಈ ಮನೆಗೆ ತಾನು ಇನ್ನೂ ಹೊರಗಿನವಳೇ ಎಂದು ಕೇಳಿದ್ದಳು. ಸ್ವಲ್ಪ ದಿನ ತಾಳು ಎಂದಷ್ಟೇ ಅವನು ಹೇಳಿದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಗ್ಗೆ ಅವನ ಮೈ ಸುಡುತ್ತಿತ್ತು.

ಆ ಜಗಳವನ್ನು ಇನ್ನು ಯಾರ ಹತ್ತಿರ ಮುಗಿಸುವುದು?

*

ಹಲ್ಲುಜ್ಜಿ ಒಳಗೆ ಬಂದಾಗ ಜಗುಲಿಯಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಅಂಜುಕುನ್ನಿನಿಂದ ಬಂದವರು. ಅವರು ಸಾವಿಗೆ ಬಂದವರಲ್ಲ. ಮಾವನಿಗೆ ಕೈಮುಗಿಯಲು ಬಂದವರು.

ಮಗ ಹೋದ ಮೇಲೆ ಆದಿರಾಜರು ಅನ್ನ ಬಿಟ್ಟಿದ್ದಾರೆ ಎಂಬ ಸುದ್ದಿ ಬಸದಿಯಿಂದ ಮನೆಮನೆಗೆ ಹೋಗಿತ್ತು. ಮೊದಲು ಸಂಜೆಯ ಊಟ ಬಿಟ್ಟರು. ಆಮೇಲೆ ಮಧ್ಯಾಹ್ನದ್ದು. ಈಗ ಬೆಳಗ್ಗೆ ಒಂದು ಲೋಟ ಮಜ್ಜಿಗೆ, ಸೋಸಿದ ಗಂಜಿನೀರು, ಅಷ್ಟೇ. ಬಂದವರು ಹಾಸಿಗೆಯ ಕಾಲ ಬಳಿ ಬಾಗಿ ನಮಸ್ಕರಿಸುತ್ತಿದ್ದರು. ಎಂಥ ಪುಣ್ಯಾತ್ಮರು ಎನ್ನುತ್ತಿದ್ದರು. ಉಣ್ಣಿ ಎಂದು ಯಾರೂ ಹೇಳಲಿಲ್ಲ. ವ್ರತ ಹಿಡಿದವರಿಗೆ ಹಾಗೆ ಹೇಳುವವರಲ್ಲ ಅವರು.

ಮೇಘನಾ ಬಾಗಿಲಲ್ಲಿ ನಿಂತು ನೋಡಿದಳು. ಮಾವನ ಕುತ್ತಿಗೆಯ ಎಲುಬು ಎದ್ದಿತ್ತು. ಹೆಂಗಸರು ಕಣ್ಣು ಮುಚ್ಚಿ ಕೈಮುಗಿದಾಗ ಮಾವನ ದೃಷ್ಟಿ ಅಡುಗೆಮನೆಯ ಕಡೆ ಹೋಯಿತು. ಅಲ್ಲಿ ಅನ್ನ ಬಸಿಯುತ್ತಿದ್ದ ಸದ್ದು ಬರುತ್ತಿತ್ತು.

ಎಲ್ಲವನ್ನೂ ಬಿಟ್ಟವರ ನೋಟವೇ ಅದು?

ಮಧ್ಯಾಹ್ನ ಅವರ ದಿಂಬಿನ ಚೀಲ ಒಗೆಯುವಾಗ ಅದರ ಮೇಲೆ ಕಂದು ಕಲೆಗಳು ಕಂಡವು. ಒಣಗಿದ ರಕ್ತ. ಅತ್ತೆ ಸುಶೀಲರನ್ನು ಕೇಳಿದಳು. ಪ್ರಸನ್ನ ಆಸ್ಪತ್ರೆಯಲ್ಲಿದ್ದಾಗ ತಾವೇ ಬಾಯಿ ಶುಚಿ ಮಾಡಹೋದದ್ದನ್ನು ಅವರು ಹೇಳಿದರು. ಹೊತ್ತು ಮುಳುಗುತ್ತಿತ್ತು. ಹಿತ್ತಾಳೆ ಕಡ್ಡಿಯಿಂದ ಅವಸರದಲ್ಲಿ ಚುಚ್ಚಿ ತೆಗೆದರು. ರಕ್ತ ಬಂತು, ನಿಲ್ಲಲಿಲ್ಲ. ಆದಿರಾಜರು ಕೈ ತಳ್ಳಿ ಬಾಯಿ ಮುಚ್ಚಿದವರು ಮತ್ತೆ ಶುಚಿ ಮಾಡಲು ಬಿಡಲಿಲ್ಲ.

"ಅವತ್ತೇ ವ್ರತ ಹಿಡಿದ್ರು ಮೋಳೆ," ಎಂದರು ಸುಶೀಲ, ಮಲಯಾಳದಲ್ಲಿ ಮಗಳೇ ಎಂದು ಕರೆದು, ಸೆರಗಿನಿಂದ ಕಣ್ಣೊತ್ತಿಕೊಂಡು. "ಮಗ ಹೋಗ್ತಾನೇಂತ ಅವ್ರಿಗೆ ಮೊದಲೇ ಗೊತ್ತಾಗಿತ್ತು."

ಶುಚಿ ಮಾಡುವವರಿಲ್ಲದ ಬಾಯಿಗೆ ಅವರು ಅನ್ನ ಇಡುವುದಾದರೂ ಹೇಗೆ ಎಂದು ಮೇಘನಾಳಿಗೆ ಅನಿಸಿತು. ಮಾವನ ಕೋಣೆಯ ಕಿಟಕಿಯಲ್ಲಿ ಒಂದು ಪುಟ್ಟ ಡಬ್ಬಿ ಇತ್ತು. ಒಳಗೆ ಗುಲಾಬಿ, ನೀಲಿ ಹಿಡಿಕೆಯ ಸಣ್ಣ ಸಣ್ಣ ಬ್ರಷ್ಷುಗಳು. ತೆಳುತಂತಿಯ ಸುತ್ತ ನವಿರು ಕೂದಲು. ಮುಚ್ಚಳದ ಮೇಲೆ ಮಾನಂದವಾಡಿಯ ಒಂದು ಹಲ್ಲಿನ ಕ್ಲಿನಿಕ್ಕಿನ ಹೆಸರಿತ್ತು.

ಮರುದಿನ ಅವಳು ಬಸ್ ಹತ್ತಿದಳು.

*

ಡಾಕ್ಟರ್ ರಜಿಷಳಿಗೆ ಪ್ರಸನ್ನ ಸತ್ತದ್ದು ಗೊತ್ತಿರಲಿಲ್ಲ. ಡಬ್ಬಿ ನೋಡಿದ ಕೂಡಲೇ ಅವನ ಹೆಸರು ಹೇಳಿ ನಕ್ಕಳು. ಆಮೇಲೆ ಮೇಘನಾಳ ಬರಿ ಹಣೆಯನ್ನು ನೋಡಿ ಕುರ್ಚಿಯಲ್ಲಿ ಕುಸಿದಳು.

ಅವಳು ಮಲಯಾಳದಲ್ಲಿ ಮಾತಾಡಿದಳು. ಮೇಘನಾಳಿಗೆ ತಿಳಿಯದ ಕಡೆ ನಿಧಾನಿಸಿದಳು. ಸಂದಿಗೆ ತಕ್ಕ ಬ್ರಷ್ ಆರಿಸಬೇಕು, ಎಲ್ಲ ಸಂದಿಗೂ ಒಂದೇ ಅಳತೆ ಆಗದು. ಒತ್ತದೆ ಒಳಗೆ ಹೋಗುವವುಗಳಲ್ಲಿ ದೊಡ್ಡದು ಯಾವುದೋ ಅದು ಸರಿ. ಮುಂದಿನ ಬಿಗಿ ಹಲ್ಲುಗಳಿಗೆ ಗುಲಾಬಿ, ಹಿಂದಿನವಕ್ಕೆ ನೀಲಿ. ಮೊದಲ ದಿನಗಳಲ್ಲಿ ರಕ್ತ ಬರುತ್ತದೆ. ವಸಡು ಬಾತಿರುವುದರಿಂದ ಬರುತ್ತದೆ, ಹೆದರಿ ಬಿಟ್ಟರೆ ಇನ್ನೂ ಬಾತುಕೊಳ್ಳುತ್ತದೆ. ಬಿಡದೆ ಮಾಡಿದರೆ ನಿಲ್ಲುತ್ತದೆ.

ಇದನ್ನೆಲ್ಲ ಪ್ರಸನ್ನ ಕೂತು ಕಲಿತಿದ್ದನಂತೆ. ಜನರಿಗೆ ತೋರಿಸಲು ಇಟ್ಟಿದ್ದ ಪ್ಲಾಸ್ಟಿಕ್ ದವಡೆಯನ್ನೇ ಎರವಲು ಒಯ್ದಿದ್ದನಂತೆ. ಇನ್ನೂ ತಿರುಗಿ ಕೊಟ್ಟಿಲ್ಲವೆಂದು ರಜಿಷ ಹೇಳಿ, ಹೇಳಿದ್ದಕ್ಕೆ ನಾಚಿದಳು.

ತನ್ನನ್ನು ಯಾಕೆ ಒಳಗೆ ಬಿಡುತ್ತಿರಲಿಲ್ಲ ಎಂದು ಮೇಘನಾ ಕೇಳಲಿಲ್ಲ. ಆದರೂ ರಜಿಷ ಅದನ್ನೇ ಹೇಳಿದಳು. ಅವನ ಮಾತನ್ನು ಅವನ ಹಾಗೆಯೇ ಹೇಳಿದಳು.

"ಜೊಲ್ಲು ಸುರಿಸೋದನ್ನ ಸೊಸೆ ಮಾತ್ರ ನೋಡ್ಬಾರದೂಂತ ಅಪ್ಪ ಆಣೆ ಹಾಕಿಸ್ಕೊಂಡಿದ್ದಾರೆ, ಡಾಕ್ಟರೆ. ಅವಳು ಬಾಗಿಲ ಹೊರಗೆ ನಿಂತಿರೋದು ನಂಗೆ ಗೊತ್ತು. ಅವಳ ನೆರಳು ಕಾಣ್ತದೆ. ಒಂದಿನ ಅಪ್ಪ ಒಪ್ತಾರೆ. ಅಷ್ಟೊತ್ತಿಗೆ ಅವಳಿಗೆ ಕಲಿಸುವಷ್ಟು ನಾ ಕಲಿತಿರ್ಬೇಕು."

ಮೇಘನಾ ತನ್ನ ಕೈಗಳನ್ನು ನೋಡುತ್ತ ಕೂತಳು.

ಅವನಿಗೆ ಗೊತ್ತಿತ್ತು... ಪ್ರತಿ ಸಂಜೆಯೂ ಗೊತ್ತಿತ್ತು.

ಅಳು ಬರಬಹುದೆಂದು ಕಾದಳು. ಬರಲಿಲ್ಲ.

*

ದವಡೆ ಮಾವನ ಕೋಣೆಯ ಕಪಾಟಿನಲ್ಲೇ ಇತ್ತು, ಪ್ರಸನ್ನನ ಹಳೆಯ ಪಂಚೆಯಲ್ಲಿ ಸುತ್ತಿ. ಮನುಷ್ಯರದ್ದಕ್ಕಿಂತ ದೊಡ್ಡದು. ಗುಲಾಬಿ ವಸಡು, ಅತಿ ಬಿಳಿಯ ಹಲ್ಲು. ಅವಳು ಅದನ್ನು ತನ್ನ ಕೋಣೆಗೆ ತಂದು ಮಡಿಲಲ್ಲಿ ಇಟ್ಟುಕೊಂಡಳು. ಬ್ರಷ್ಷನ್ನು ವಸಡಿನ ಕಡೆ ಓರೆ ಮಾಡಿ ಸಣ್ಣಗೆ ಆಡಿಸಿದಳು. ನೀಲಿಯನ್ನು ಹಿಂದಿನ ಸಂದಿಯಲ್ಲಿ ತೂರಿಸಿ ಮೆಲ್ಲನೆ ಹಿಂದೆ ಮುಂದೆ ಎಳೆದಳು. ಮೊದಮೊದಲು ತಂತಿ ಬಾಗಿತು. ಆಮೇಲೆ ಬಾಗಲಿಲ್ಲ.

ಮರುದಿನ ಇಳಿಹೊತ್ತಿನಲ್ಲಿ ಗಂಜಿಯಲ್ಲ, ಮೆತ್ತಗೆ ಬೆಂದ ಅನ್ನಕ್ಕೆ ತೊವ್ವೆ ಕಲಸಿ ಬಟ್ಟಲಲ್ಲಿ ಹಿಡಿದು ಹೊರಟಳು. ಸುಶೀಲ ದಾರಿಗೆ ಅಡ್ಡ ನಿಂತರು.

"ವ್ರತ ಕೆಡಿಸಿದ ಪಾಪ ನಿಂಗೆ ಬೇಡ ಮೋಳೆ. ನಿಂಗೆ ಬಂದಿರೋದು ಸಾಲದಾ?"

"ಸಾಕು ಅತ್ತೆ. ಇದೂ ಇರಲಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆದಿರಾಜರು ಬಟ್ಟಲನ್ನು ನೋಡಿ ಮುಖ ತಿರುಗಿಸಿದರು. ಅವಳು ಒತ್ತಾಯಿಸಲಿಲ್ಲ. ಸ್ಟೂಲಿನ ಮೇಲೆ ಬಿಳಿ ಬಟ್ಟೆ, ನೀರು, ಮೆತ್ತನೆಯ ಬ್ರಷ್ಷು, ಪುಟ್ಟ ಡಬ್ಬಿ ಎಲ್ಲ ಇಟ್ಟಳು. ಪ್ರಸನ್ನ ಹೇಗೆ ಮಾಡುತ್ತಿದ್ದನೆಂದು ಕಲಿತು ಬಂದಿದ್ದೇನೆ ಎಂದಳು. ರಕ್ತ ಬಂದರೂ ಹೊತ್ತು ಮುಳುಗುವ ಮೊದಲೇ ಬಾಯಿ ಮುಕ್ಕಳಿಸಿ ಮುಗಿಸುತ್ತೇನೆ, ಒಂದು ಅಗುಳೂ ಉಳಿಯುವುದಿಲ್ಲ ಎಂದಳು.

"ಇದು ವ್ರತವಾದರೆ ಹೇಳಿ ಮಾವ. ಬಟ್ಟಲು ತಗೊಂಡು ಹೋಗ್ತೀನಿ."

ಮುದುಕರ ಕಣ್ಣು ಬಾಗಿಲ ಕಡೆ ಹೋಯಿತು. ಜಗುಲಿಯಲ್ಲಿ ಯಾರೋ ಅವರ ಪುಣ್ಯದ ಮಾತಾಡುತ್ತಿದ್ದರು.

"ವ್ರತ ಇಲ್ಲ," ಎಂದರು ತೊದಲುತ್ತ. ಎಡಗಣ್ಣಿನಿಂದ ನೀರು ಇಳಿಯಿತು. "ಹಸಿವು ಮೋಳೆ... ಜನ ಕೈಮುಗೀತಾರೆ. ಹೆಂಗೆ ಹೇಳ್ಲಿ?"

ಅವರು ಉಂಡರು. ಅರ್ಧ ಬಟ್ಟಲು. ಗಂಟಲು ಆತುರಪಡುತ್ತಿತ್ತು. ಮುಗಿದಾಗ ಬೆಳಕು ಇನ್ನೂ ಉಳಿದಿತ್ತು. ಬಾಯಿ ತೆರೆಯುವ ಮುಂಚೆ ಅವರು ಕಣ್ಣು ಮುಚ್ಚಿಕೊಂಡರು. ಅವಳು ನೋಡುವುದನ್ನು ತಾವು ನೋಡಬಾರದೆಂದು.

ಬೆರಳಿಗೆ ಬಟ್ಟೆ ಸುತ್ತಿ ಸತ್ತ ಕೆನ್ನೆಯೊಳಗಿನ ಅನ್ನ ತೆಗೆದಳು. ಬ್ರಷ್ ಆಡಿಸಿದಳು. ಹಿಂದೆ ನೀಲಿ, ಮುಂದೆ ಗುಲಾಬಿ. ಜೊಲ್ಲು ಅವಳ ಮಣಿಕಟ್ಟಿನ ಮೇಲೆ ಇಳಿಯಿತು. ರಕ್ತ ಬಂತು, ಸ್ವಲ್ಪವೇ. ಮುಕ್ಕಳಿಸಿ ಉಗುಳಿದರು.

"ಅವನ ಕೈ ಇನ್ನೂ ಹಗುರ," ಎಂದರು.

"ಹೌದು ಮಾವ."

ಬಾಗಿಲ ಕೆಳಗಿನ ಸಂದಿನಲ್ಲಿ ಒಂದು ನೆರಳು ಕಂಡಿತು. ಸುಶೀಲ ಹೊರಗೆ ನಿಂತಿದ್ದರು. ಮಾವ ಬಾಯಿ ಒರೆಸಿಕೊಳ್ಳುವವರೆಗೆ ಮೇಘನಾ ಬಾಗಿಲು ತೆರೆಯಲಿಲ್ಲ. ಪ್ರಸನ್ನನೂ ಹೀಗೇ ಇಲ್ಲಿ ಕೂತು ಆ ನೆರಳನ್ನು ನೋಡುತ್ತಿದ್ದನೇ, ಎದ್ದು ತೆರೆಯಬೇಕೆಂದು ಅವನಿಗೂ ಅನಿಸುತ್ತಿತ್ತೇ ಎಂದು ಯೋಚಿಸಿದಳು. ಕೇಳಲು ಯಾರೂ ಇರಲಿಲ್ಲ.

ದಿನ ಕಳೆದಂತೆ ಕೈಮುಗಿಯಲು ಬರುವವರು ನಿಂತರು. ವ್ರತ ಮುರಿದ ಸೊಸೆಯ ಬಗ್ಗೆ ಬಸದಿಯ ಅಂಗಳದಲ್ಲಿ ಮಾತು ಹುಟ್ಟಿತು. ಆದಿರಾಜರ ವಸಡಿನ ರಕ್ತ ನಿಂತಿತು. ಆ ಮನೆಗೆ ಹಸಿವು ಮರಳಿ ಬಂತು. ಬೇರೆ ಏನೂ ಮರಳಿ ಬರಲಿಲ್ಲ.

*

ಕ್ಲಿನಿಕ್ಕಿನಲ್ಲಿ ಅವಳು ಪಂಚೆಯ ಗಂಟು ಬಿಚ್ಚಿ ದವಡೆಯನ್ನು ಮೇಜಿನ ಮೇಲಿಟ್ಟಳು. ತೊಳೆದು ಒರೆಸಿ ತಂದಿದ್ದಳು. ಪಂಚೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಾವ ಉಣ್ಣುತ್ತಿದ್ದಾರೆಂದು ಕೇಳಿ ರಜಿಷ ಅವಳ ಕೈ ಹಿಡಿದಳು. ಅಕ್ಕನಿಗೆ ಹೇಳುವ ಹಾಗೆ ಹೇಳುತ್ತ ದವಡೆಯನ್ನು ಅವಳ ಕಡೆಗೇ ಸರಿಸಿದಳು.

"ನೀವೇ ಇಟ್ಕೊಳ್ಳಿ ಚೇಚಿ. ನನ್ನ ಹತ್ರ ಬೇರೆ ಇದೆ. ಪ್ರಸನ್ನ ಅವರ ನೆನಪಿಗೆ."

ಮೇಘನಾ ಬೇಡವೆಂದು ತಲೆಯಾಡಿಸಿದಳು.

"ಇದು ಮನೇಲಿದ್ರೆ, ತಿರುಗಿ ಕೊಡೋಕೆ ಅವರೇ ಬರಬೇಕು ಅನ್ಸುತ್ತೆ," ಎಂದಳು. "ದಿನಾ ಸಂಜೆ ಕಾಯ್ತೀನಿ."

ರಜಿಷ ಮತ್ತೆ ಒತ್ತಾಯಿಸಲಿಲ್ಲ. ಎರಡೂ ಕೈಯಲ್ಲಿ ದವಡೆಯನ್ನು ಎತ್ತಿಕೊಂಡಳು.

"ಅವರಿಗೆ ಏನಾದ್ರೂ ಹೇಳೋದಿತ್ತಾ ನಿಮಗೆ?"

"ಜಗಳ ಮುಗೀತು ಅಂತ."

ರಜಿಷ ದವಡೆಯನ್ನು ಗಾಜಿನ ಕಪಾಟಿನಲ್ಲಿ, ಅದು ಮೊದಲು ಇದ್ದ ಜಾಗದಲ್ಲಿ ಇಟ್ಟಳು.